ಒಂದೇ ಕನ್ನಡ ವೆಬ್ ಫಾಂಟ್ ವಿಂಡೋಸ್, ಮ್ಯಾಕ್ ಮತ್ತು ಫೋನುಗಳಲ್ಲಿ ಬೇರೆ ಬೇರೆಯಾಗಿ ಕಾಣುವುದೇಕೆ?

ಪ್ರಶ್ನೆ

ಹಳೆಯ ಕಥೆ, ಪ್ರಬಂಧಗಳನ್ನು ಮರುಪ್ರಕಟಿಸುವ ಒಂದು ಸಣ್ಣ ಕನ್ನಡ ಜಾಲತಾಣವನ್ನು ನಮ್ಮ ಬಳಗ ನಡೆಸುತ್ತಿದ್ದು, ಅದರ ವಿನ್ಯಾಸದ ಹೊಣೆ ನನ್ನದು. ಒಳಬರಹಕ್ಕೆ ನೋಟೊ ಸೆರಿಫ್ ಕನ್ನಡವನ್ನೂ ಶೀರ್ಷಿಕೆಗಳಿಗೆ ಬಲೂ ತಮ್ಮ ಫಾಂಟನ್ನೂ ನಮ್ಮದೇ ಸರ್ವರಿನಿಂದ ಕೊಡುತ್ತಿದ್ದೇವೆ. ಎಲ್ಲ ಓದುಗರಿಗೂ ಒಂದೇ ಕಡತ ಹೋಗುತ್ತಿರುವಾಗ ಎಲ್ಲರಿಗೂ ಒಂದೇ ರೂಪ ಕಾಣಬೇಕೆಂಬುದು ನನ್ನ ನಿರೀಕ್ಷೆಯಾಗಿತ್ತು, ಆದರೆ ಹಾಗಾಗುತ್ತಿಲ್ಲ.

ಮ್ಯಾಕ್‌ನಲ್ಲಿ ಒಳಬರಹ ದಪ್ಪವಾಗಿ, ವಿಂಡೋಸ್‌ನಲ್ಲಿ ತೆಳ್ಳಗೆ ಕಾಣುತ್ತದೆ. ಕೆಲವು ಯಂತ್ರಗಳಲ್ಲಿ ಶೀರ್ಷಿಕೆಯ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಶೀರ್ಷಿಕೆಗಳಲ್ಲಿ 'ಥ' ಅಕ್ಷರದ ನಡುವಿನ ಚುಕ್ಕಿ ಮುಚ್ಚಿಹೋಗಿ 'ಧ'ದಂತೆ ಕಾಣುವುದೂ ಉಂಟು. 'ರ‍್ಯಾಂಕ್' ಎಂಬ ಪದ ಕ್ರೋಮ್‌ನಲ್ಲಿ ಸರಿಯಾಗಿದ್ದು, ಕೆಲವರ ಐಫೋನಿನಲ್ಲಿ ಮಾತ್ರ ಅರ್ಕಾವತ್ತಿನೊಂದಿಗೆ ಮೂಡುತ್ತದೆ. ಒಬ್ಬ ಓದುಗರಂತೂ ನಾವು ಆರಿಸಿದ ಫಾಂಟಿಗೆ ಯಾವ ಸಂಬಂಧವೂ ಇಲ್ಲದ ಸಣ್ಣ ಅಕ್ಷರಗಳಿರುವ ಪುಟದ ಚಿತ್ರವನ್ನು ಕಳಿಸಿದ್ದಾರೆ. ಇವೆಲ್ಲಕ್ಕೂ ಒಂದೇ ಮೂಲವಿದೆಯೇ? ಎಲ್ಲ ಕಡೆ ಒಂದೇ ರೀತಿ ಕಾಣುವಂತೆ ಮಾಡುವ ದಾರಿ ಇದೆಯೇ?

ಉತ್ತರ 1

ಒಂದೇ ಮೂಲವಿಲ್ಲ. ನೀವು ಹೇಳಿದ ತೊಂದರೆಗಳು ಬೇರೆ ಬೇರೆ ಹಂತಗಳಲ್ಲಿ ಹುಟ್ಟಿದವು, ಅವನ್ನು ಒಟ್ಟಿಗೆ ನೋಡುತ್ತಿರುವುದರಿಂದ ಪರಿಹಾರ ಸಿಗುತ್ತಿಲ್ಲ. ಬ್ರೌಸರ್ ಮೊದಲು ಯಾವ ಫಾಂಟನ್ನು ಬಳಸಬೇಕೆಂದು ನಿರ್ಧರಿಸುತ್ತದೆ. ಬಳಿಕ ಪಠ್ಯದಲ್ಲಿರುವ ಸಂಕೇತಗಳನ್ನು ಗುಣಿತಾಕ್ಷರ, ಒತ್ತಕ್ಷರಗಳಾಗಿ ಜೋಡಿಸುತ್ತದೆ. ಕೊನೆಯಲ್ಲಿ ಆ ಆಕಾರಗಳನ್ನು ಪರದೆಯ ಚುಕ್ಕಿಗಳಾಗಿ ಮೂಡಿಸುತ್ತದೆ.

ಯಾವ ಫಾಂಟ್ ನಿಜವಾಗಿ ಬಳಕೆಯಾಗಿದೆ ಎಂಬುದನ್ನು ಊಹಿಸಬೇಡಿ, ನೋಡಿ. ಕ್ರೋಮ್‌ನ ಡೆವಲಪರ್ ಪರಿಕರಗಳಲ್ಲಿ ಒಂದು ಅಂಶವನ್ನು ಆರಿಸಿ 'ಕಂಪ್ಯೂಟೆಡ್' ಪುಟದ ಕೊನೆಗೆ ಹೋದರೆ ಅಲ್ಲಿ ಬಳಕೆಯಾದ ಫಾಂಟಿನ ಹೆಸರು ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಂದೇ 'ಫಾಂಟ್ಸ್' ಎಂಬ ಫಲಕವಿದೆ. ನಿಮ್ಮ ಓದುಗರೊಬ್ಬರು ಕಂಡ ಸಣ್ಣ ಅಕ್ಷರಗಳು ಬಹುಶಃ ತುಂಗಾ ಫಾಂಟಿನವು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಅದೇ ವಿಂಡೋಸ್‌ನ ಕನ್ನಡ ಫಾಂಟಾಗಿತ್ತು, ವಿಂಡೋಸ್ 8ರಿಂದ ಆ ಜಾಗಕ್ಕೆ ನಿರ್ಮಲಾ ಯುಐ ಬಂದಿದೆ. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಲಿನಕ್ಸ್‌ನಲ್ಲಿ ಲೋಹಿತ್ ಕನ್ನಡ ಅಥವಾ ನೋಟೊ, ಆಂಡ್ರಾಯ್ಡ್‌ನಲ್ಲಿ ನೋಟೊ ಕುಟುಂಬದ ಫಾಂಟುಗಳು ಇಂಥ ಸಂದರ್ಭದಲ್ಲಿ ಮುಂದೆ ಬರುತ್ತವೆ. ನಿಮ್ಮ ಕಡತ ತಲುಪದಿದ್ದಾಗ ಪ್ರತಿಯೊಬ್ಬರಿಗೂ ಬೇರೆ ರೂಪ ಕಾಣುವುದಕ್ಕೆ ಇದೇ ಕಾರಣ. ತಾಣ ಒಂದು ವಿಳಾಸದಲ್ಲಿದ್ದು ಫಾಂಟ್ ಬೇರೊಂದು ಉಪವಿಳಾಸದಿಂದ ಬರುತ್ತಿದ್ದರೆ, ಸರ್ವರ್ ಅದಕ್ಕೆ ಸ್ಪಷ್ಟವಾಗಿ ಅನುಮತಿಯ ಹೆಡರ್ (ಕಡತದ ಜೊತೆ ಹೋಗುವ ಸೂಚನೆ) ಕಳಿಸಬೇಕು, ಇಲ್ಲದಿದ್ದರೆ ಬ್ರೌಸರ್ ಆ ಫಾಂಟನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸ್ಟೈಲ್‌ಶೀಟಿನಲ್ಲಿ 'ಲೋಕಲ್' ಎಂಬ ಮೂಲವನ್ನೂ ಸೇರಿಸಿದ್ದರೆ ತೆಗೆದುಹಾಕಿ. ಓದುಗರ ಯಂತ್ರದಲ್ಲಿ ಅದೇ ಹೆಸರಿನ ಹಳೆಯ ಆವೃತ್ತಿ ಇದ್ದಾಗ ನಿಮ್ಮ ಕಡತದ ಬದಲು ಅದೇ ಬಳಕೆಯಾಗುತ್ತದೆ.

ದಪ್ಪ–ತೆಳುವಿನ ಮಾತು ಕೊನೆಯ ಹಂತಕ್ಕೆ ಸೇರಿದ್ದು. ವಿಂಡೋಸ್‌ನಲ್ಲಿ ಅಕ್ಷರ ಮೂಡಿಸುವ ಡೈರೆಕ್ಟ್‌ರೈಟ್ ಅಕ್ಷರದ ಅಂಚುಗಳನ್ನು ಪರದೆಯ ಚೌಕಗಳಿಗೆ ಹೊಂದಿಸಲು ನೋಡುತ್ತದೆ, ಅಂಚುಗಳನ್ನು ನಯವಾಗಿ ತೋರಿಸುವ ಕ್ಲಿಯರ್‌ಟೈಪ್‌ನ ಹೊಂದಿಕೆಯನ್ನು ಬಳಕೆದಾರರೇ ಬದಲಿಸಲೂಬಹುದು. ಮ್ಯಾಕ್ ಫಾಂಟಿನೊಳಗಿನ ಹಿಂಟಿಂಗ್ ಸೂಚನೆಗಳನ್ನು (ಅಕ್ಷರವನ್ನು ಪರದೆಯ ಚೌಕಗಳಿಗೆ ಹೊಂದಿಸುವ ಸೂಚನೆಗಳನ್ನು) ಬದಿಗಿಟ್ಟು, ವಿನ್ಯಾಸಕಾರ ಬರೆದ ಆಕಾರಕ್ಕೆ ನಿಷ್ಠವಾಗಿ ಉಳಿಯುತ್ತದೆ. 2018ರ ಮೊಹಾವಿ ಆವೃತ್ತಿಯಿಂದ ಪರದೆಯ ಚೌಕದ ಕೆಂಪು, ಹಸಿರು, ನೀಲಿ ಭಾಗಗಳನ್ನು ಬಳಸಿ ಅಂಚನ್ನು ನಯಗೊಳಿಸುವ ಉಪಪಿಕ್ಸೆಲ್ ವಿಧಾನವನ್ನೂ ಅದು ಕೈಬಿಟ್ಟಿದೆ. ಈ ವ್ಯತ್ಯಾಸವನ್ನು ನೀವು ಅಳಿಸಲಾರಿರಿ, ಅಳಿಸಲು ಹೊರಡಲೂಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮ್ಯಾಕ್‌ನಲ್ಲಿ ಅಕ್ಷರವನ್ನು ತೆಳುವಾಗಿಸುವ 'ಫಾಂಟ್-ಸ್ಮೂದಿಂಗ್' ಸೂಚನೆಯನ್ನು ಅನೇಕರು ಹಾಕುತ್ತಾರೆ. ಲ್ಯಾಟಿನ್ ಅಕ್ಷರಗಳಿಗೆ ಅದು ಒಪ್ಪಬಹುದು, ಆದರೆ ಕನ್ನಡದ ಸಣ್ಣ ಒತ್ತಕ್ಷರಗಳು ಅದರಿಂದ ಮಸುಕಾಗುತ್ತವೆ.

ಚುಕ್ಕಿ ಮುಚ್ಚಿಹೋಗುವುದನ್ನು ಮಾತ್ರ ಒಪ್ಪಿಕೊಳ್ಳಬೇಡಿ, ಅದು ಓದಿನ ತಪ್ಪಿಗೆ ದಾರಿ ಮಾಡುತ್ತದೆ. ನೀವು ಬಳಸುತ್ತಿರುವುದು ಬಲೂ ತಮ್ಮದ ಮೊದಲ ಆವೃತ್ತಿಯಾಗಿದ್ದರೆ ಅದರಲ್ಲಿ ಒಂದೇ ತೂಕ, ಅಂದರೆ ದಪ್ಪದ ಒಂದೇ ಮಟ್ಟವಿದೆ, ಅದೂ ಸಾಕಷ್ಟು ದಪ್ಪ. ಶೀರ್ಷಿಕೆಯ ಅಂಶಗಳು ತಾವಾಗಿಯೇ ಬೋಲ್ಡ್ ಬೇಡುವುದರಿಂದ, ಇಲ್ಲದ ಬೋಲ್ಡನ್ನು ಬ್ರೌಸರ್ ತಾನೇ ಕೃತಕವಾಗಿ ತಯಾರಿಸುತ್ತದೆ. ಕ್ರೋಮ್ ಅಕ್ಷರದ ಹೊರರೇಖೆಯನ್ನು ಉಬ್ಬಿಸಿದರೆ, ಸಫಾರಿ ಅದೇ ಅಕ್ಷರವನ್ನು ತುಸು ಪಕ್ಕಕ್ಕೆ ಸರಿಸಿ ಮತ್ತೊಮ್ಮೆ ಬಿಡಿಸುತ್ತದೆ. ಎರಡರಲ್ಲೂ 'ಥ', 'ಠ'ಗಳ ಚುಕ್ಕಿಗೂ 'ಧ', 'ಢ', 'ಫ'ಗಳ ಸೀಳಿಗೂ ಅಪಾಯವಿದೆ, ಕನ್ನಡದಲ್ಲಿ ಈ ಅಕ್ಷರಗಳನ್ನು ಬೇರೆಮಾಡಿ ತೋರಿಸುವ ಗುರುತುಗಳೇ ಅವು. ಶೀರ್ಷಿಕೆಯ ತೂಕವನ್ನು 400 ಎಂದು ಬರೆಯಿರಿ, ಇಲ್ಲವೇ 400ರಿಂದ 800ರವರೆಗಿನ ತೂಕಗಳಿರುವ ಬಲೂ ತಮ್ಮ 2ಕ್ಕೆ ಬದಲಾಯಿಸಿಕೊಳ್ಳಿ. ಜೊತೆಗೆ 'ಫಾಂಟ್-ಸಿಂಥೆಸಿಸ್'ಗೆ 'ನನ್' ಎಂಬ ಬೆಲೆ ಕೊಟ್ಟರೆ ಕೃತಕ ಬೋಲ್ಡ್ ಮತ್ತು ಕೃತಕ ಇಟ್ಯಾಲಿಕ್ ಎರಡೂ ನಿಲ್ಲುತ್ತವೆ.

ಉತ್ತರ 2

ಒತ್ತಕ್ಷರ ಕತ್ತರಿಸಿಹೋಗುವುದರ ಬಗ್ಗೆ ಒಂದು ಸೇರ್ಪಡೆ. ಫಾಂಟ್ ಕಡತದಲ್ಲಿ ಅಕ್ಷರದ ಮೇಲಿನ ಮತ್ತು ಕೆಳಗಿನ ಗಡಿಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಬರೆದಿರುತ್ತಾರೆ: ಮ್ಯಾಕ್ 'ಎಚ್‌ಹೆಡ್' ಕೋಷ್ಟಕವನ್ನು ನಂಬುತ್ತದೆ, ವಿಂಡೋಸ್ 'ಓಎಸ್/2' ಕೋಷ್ಟಕವನ್ನು ನೋಡುತ್ತದೆ. ಎರಡೂ ಕಡೆ ಒಂದೇ ಅಂಕಿಗಳಿದ್ದರೆ ತೊಂದರೆಯಿಲ್ಲ. ಭಿನ್ನವಾಗಿದ್ದಾಗ, ಸಾಲಿನ ಎತ್ತರವನ್ನು ನೀವೇ ನಿಗದಿಪಡಿಸಿದ್ದರೂ ಆ ಎತ್ತರದೊಳಗೆ ಅಕ್ಷರ ಮೇಲೆ ಕೂರಬೇಕೋ ಕೆಳಗೆ ಕೂರಬೇಕೋ ಎಂಬುದು ಆ ಅಂಕಿಗಳಿಂದಲೇ ತೀರ್ಮಾನವಾಗುವುದರಿಂದ, ಒಂದು ಯಂತ್ರದಲ್ಲಿ ಪೂರ್ಣವಾಗಿ ಕಂಡ ಒತ್ತು ಇನ್ನೊಂದರಲ್ಲಿ ಗಡಿಯಾಚೆ ಬೀಳುತ್ತದೆ. ಆ ಪೆಟ್ಟಿಗೆಗೆ 'ಓವರ್‌ಫ್ಲೋ ಹಿಡನ್' ಇದ್ದರಂತೂ ಗಡಿಯಾಚೆಯದೆಲ್ಲ ಮಾಯ.

ಇಂಗ್ಲಿಷ್ ತಾಣಗಳಿಗಾಗಿ ಸಿದ್ಧವಾದ ವಿನ್ಯಾಸಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಸಾಮಾನ್ಯವಾಗಿ 1.1 ಅಥವಾ 1.2 ಇರುತ್ತದೆ. 'ರಾಷ್ಟ್ರ'ದ 'ಷ್ಟ್ರ'ದಲ್ಲಿ ಎರಡು ಒತ್ತುಗಳು ಬಂದು ಕೆಳಗಿನ ಜಾಗವನ್ನೆಲ್ಲ ತುಂಬುವ ನಮ್ಮ ಲಿಪಿಗೆ ಅದು ಸಾಲದು. ಶೀರ್ಷಿಕೆಗೆ 1.4, ಒಳಬರಹಕ್ಕೆ 1.7 ಎಂದಿಟ್ಟು ನೋಡಿ, ಶೀರ್ಷಿಕೆಯ ಪೆಟ್ಟಿಗೆಗೆ ಕೆಳಗಡೆ ಸ್ವಲ್ಪ ಪ್ಯಾಡಿಂಗನ್ನೂ ಕೊಡಿ. ಪರೀಕ್ಷೆಗೆ 'ಕರ್ನಾಟಕ' ಎಂಬಂಥ ಸರಳ ಪದವನ್ನಲ್ಲ, 'ಸ್ವಾತಂತ್ರ್ಯ', 'ವೈಶಿಷ್ಟ್ಯ'ಗಳಂಥ ಪದಗಳನ್ನು ಆರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬಲೂ ತಮ್ಮ 2ಕ್ಕೆ ಬದಲಾಯಿಸಿದ ಮೇಲೆ ಚುಕ್ಕಿಗಳು ಸ್ಪಷ್ಟವಾಗಿವೆ, ಸಾಲಿನ ಎತ್ತರ ಹೆಚ್ಚಿಸಿದ್ದರಿಂದ ಒತ್ತಕ್ಷರಗಳೂ ಪೂರ್ಣವಾಗಿ ಕಾಣುತ್ತಿವೆ. 'ರ‍್ಯಾಂಕ್' ಮಾತ್ರ ಐಫೋನಿನಲ್ಲಿ ಹಾಗೆಯೇ ಉಳಿದಿದೆ, ಐಫೋನಿನಲ್ಲೇ ಕ್ರೋಮ್ ಹಾಕಿಕೊಂಡು ನೋಡಿದರೂ ಬದಲಾಗಲಿಲ್ಲ. ಇನ್ನೊಂದು ಸಂದೇಹ: ನಮ್ಮ ಓದುಗರಲ್ಲಿ ಬಹಳ ಮಂದಿ ಫೋನಿನಲ್ಲಿ ಓದುತ್ತಾರೆ. ಅವರಿಗೆ ವೆಬ್ ಫಾಂಟ್ ಕಳಿಸುವುದನ್ನೇ ನಿಲ್ಲಿಸಬಹುದೇ?

ಉತ್ತರ 3

ಒಳಬರಹದ ಮಟ್ಟಿಗೆ ನಿಲ್ಲಿಸುವುದೇ ಒಳಿತೆಂದು ನಾನು ನಂಬುತ್ತೇನೆ. ಆಂಡ್ರಾಯ್ಡ್‌ನಲ್ಲಿ ಇರುವುದೇ ನೋಟೊ ಕುಟುಂಬದ ಕನ್ನಡವಾದ್ದರಿಂದ, ಅದೇ ಕುಟುಂಬದ ಫಾಂಟನ್ನು ಮತ್ತೆ ಇಳಿಸಿಕೊಳ್ಳುವಂತೆ ಮಾಡುವುದರಲ್ಲಿ ಓದುಗರಿಗೆ ಲಾಭ ಕಡಿಮೆ. ನಿಧಾನವಾದ ಸಂಪರ್ಕದಲ್ಲಿ ಆಗುವುದನ್ನೂ ಯೋಚಿಸಿ: 'ಫಾಂಟ್-ಡಿಸ್‌ಪ್ಲೇ'ಗೆ 'ಸ್ವಾಪ್' ಕೊಟ್ಟಿದ್ದರೆ ಮೊದಲು ಫೋನಿನ ಫಾಂಟ್ ಬಂದು, ಓದುತ್ತಿರುವಾಗಲೇ ಹೊಸ ಫಾಂಟ್ ಇಳಿದು, ಸಾಲುಗಳೆಲ್ಲ ಜಾಗ ಬದಲಿಸುತ್ತವೆ. ದೀರ್ಘ ಕಥೆಯ ನಡುವೆ ಇದ್ದ ಓದುಗರಿಗೆ ತಾವು ಓದುತ್ತಿದ್ದ ಸಾಲೇ ತಪ್ಪಿಹೋಗುತ್ತದೆ. ಫಾಂಟನ್ನು ಉಳಿಸಿಕೊಳ್ಳುವುದಾದರೆ 'ಆಪ್ಷನಲ್' ಎಂಬ ಬೆಲೆ ಕೊಡಿ, ಆಗ ಫಾಂಟ್ ಬೇಗ ಬಂದರೆ ಮಾತ್ರ ಬಳಕೆಯಾಗುತ್ತದೆ, ತಡವಾದರೆ ಆ ಭೇಟಿಗೆ ಫೋನಿನ ಫಾಂಟೇ ಉಳಿಯುತ್ತದೆ.

ಉತ್ತರ 1 ಬರೆದವರು

ಮೇಲಿನ ಸಲಹೆಯನ್ನು ಭಾಗಶಃ ಮಾತ್ರ ಒಪ್ಪುತ್ತೇನೆ. ಫೋನಿನ ಕನ್ನಡ ಫಾಂಟ್ ಎಷ್ಟು ಹಳೆಯದು, ಅದರಲ್ಲಿ ಯಾವ ತೂಕಗಳಿವೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಕಥೆಗಳನ್ನು ಕಾಪಿಡುವ ತಾಣಕ್ಕೆ ಅಕ್ಷರರೂಪದ ಖಾತರಿ ಮುಖ್ಯ, ಆದ್ದರಿಂದ 'ಆಪ್ಷನಲ್' ಎಂಬ ಮಧ್ಯದ ದಾರಿಯೇ ನಿಮಗೆ ಹೊಂದುತ್ತದೆ.

'ರ‍್ಯಾಂಕ್' ಬಗ್ಗೆ ಹೇಳುವುದಾದರೆ, ತೊಂದರೆ ಹೆಚ್ಚಾಗಿ ನಿಮ್ಮ ಪಠ್ಯದಲ್ಲೇ ಇರಬೇಕು. ಐಫೋನಿನ ಕ್ರೋಮ್‌ನ ಒಳಗಿರುವುದೂ ಸಫಾರಿಯ ವೆಬ್‌ಕಿಟ್ ಎಂಜಿನ್ನೇ, ಆದ್ದರಿಂದ ಎರಡರಲ್ಲೂ ಆಪಲ್‌ನ ಕೋರ್‌ಟೆಕ್ಸ್ಟ್ ಅಕ್ಷರ ಜೋಡಿಸುತ್ತದೆ. ಆಂಡ್ರಾಯ್ಡ್ ಮತ್ತು ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಆ ಕೆಲಸ ಹಾರ್ಫ್‌ಬಜ್‌ನದು. ಅರ್ಕಾವತ್ತು ಬೇಡವೆಂದು ಸೂಚಿಸಲು ಯೂನಿಕೋಡ್ ಹೇಳುವ ಕ್ರಮವೆಂದರೆ ರಕಾರ, ಅದರ ನಂತರ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ, ಆಮೇಲೆ ಹಲಂತ, ಕೊನೆಗೆ ಯಕಾರ. ಆದರೆ ಹಲಂತದ ನಂತರ ಜಾಯ್ನರ್ ಹಾಕಿ ಟೈಪ್ ಮಾಡಿದ ಹಳೆಯ ಪಠ್ಯಗಳೂ ಜಾಲದಲ್ಲಿವೆ. ಹಾರ್ಫ್‌ಬಜ್ ಇಂಥ ಹಳೆಯ ಪಠ್ಯಗಳಿಗಾಗಿಯೇ ಕನ್ನಡದಲ್ಲಿ ಎರಡೂ ಕ್ರಮಗಳನ್ನು ಒಂದೇ ಎಂದು ಎಣಿಸುತ್ತದೆ, ಬೇರೆ ಎಂಜಿನ್‌ಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಹೀಗಾಗಿ ತಪ್ಪು ಕ್ರಮದ ಪಠ್ಯ ಕ್ರೋಮ್‌ನಲ್ಲಿ ಸರಿಯಾಗಿಯೇ ಕಂಡು ನಿಮ್ಮ ಗಮನದಿಂದ ತಪ್ಪಿಸಿಕೊಂಡಿರುತ್ತದೆ.

ಡೇಟಾಬೇಸಿನಲ್ಲಿ ರಕಾರ, ಹಲಂತ, ಜಾಯ್ನರ್ ಎಂಬ ಕ್ರಮವನ್ನು ಹುಡುಕಿ ರಕಾರ, ಜಾಯ್ನರ್, ಹಲಂತ ಎಂದು ಬದಲಾಯಿಸಿ. ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ಒಟ್ಟಿಗೆ ಅಳಿಸುವ 'ಶುದ್ಧೀಕರಣ' ಪರಿಕರಗಳನ್ನು ಮಾತ್ರ ಮುಟ್ಟಬೇಡಿ, 'ಸಾಫ್ಟ್‌ವೇರ್' ಪದದ ನಡುವೆ ಅಕ್ಷರಗಳು ಕೂಡದಂತೆ ತಡೆಯುವ ನಾನ್‌-ಜಾಯ್ನರ್ ಹೋದರೆ ವಕಾರ ಕೆಳಗಿಳಿದು ಒತ್ತಾಗುತ್ತದೆ. ಬೇಡದ ಅಕ್ಷರಗಳನ್ನು ತೆಗೆದು ಫಾಂಟನ್ನು ಕಿರಿದುಗೊಳಿಸುವಾಗಲೂ ಕನ್ನಡ ವಿಭಾಗದ ಜೊತೆಗೆ ಈ ಎರಡು ಸಂಕೇತಗಳನ್ನೂ ರೂಪಾಯಿ ಚಿಹ್ನೆಯನ್ನೂ 'ಯೂನಿಕೋಡ್-ರೇಂಜ್' ಪಟ್ಟಿಯಲ್ಲಿ ಉಳಿಸಿಕೊಳ್ಳಿ, ಒತ್ತಕ್ಷರಗಳನ್ನು ಕೂಡಿಸುವ 'ಜಿಸಬ್' ಕೋಷ್ಟಕವನ್ನು ಪರಿಕರ ತೆಗೆದುಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎರಡು ಕ್ರಮಗಳಲ್ಲಿ ಬರೆದ 'ರ‍್ಯಾಂಕ್' ನಿಮ್ಮ ತಾಣದ ಹುಡುಕಾಟಕ್ಕೂ ಎರಡು ಬೇರೆ ಪದಗಳೇ ಆಗಿರುವುದರಿಂದ, ಪಠ್ಯವನ್ನು ತಿದ್ದಿದ ಮೇಲೆ ಹುಡುಕಾಟದ ಸೂಚಿಯನ್ನೂ ಹೊಸದಾಗಿ ಕಟ್ಟಿಸಿ.