ವಿಷ ಎಳೆಯುವ ಕಲ್ಲು

ಗುಂಪು: ಹೊಸಮನೆ ಕುಟುಂಬ

ನಾಗೇಂದ್ರ ದೊಡ್ಡಪ್ಪ, ಬೆಳಿಗ್ಗೆ 6:12
[ವಿಡಿಯೊ. ಹಲವು ಬಾರಿ ಫಾರ್ವರ್ಡ್ ಆಗಿದೆ]
"ಹಾವು ಕಚ್ಚಿದರೆ ಆಸ್ಪತ್ರೆಗೆ ಓಡಬೇಡಿ. ಈ ಕರಿಕಲ್ಲು ವಿಷವನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ಹಾಲಿಗೆ ಹಾಕಿದರೆ ವಿಷ ಗುಳ್ಳೆಯಾಗಿ ಹೊರಗೆ ಬರುತ್ತದೆ. ಹತ್ತು ಜನಕ್ಕೆ ಕಳಿಸಿ."
ಮಳೆಗಾಲ ಶುರುವಾಯಿತು. ಎಲ್ಲರೂ ನೋಡಿಟ್ಟುಕೊಳ್ಳಿ.

ಚೇತನ್, 6:40
ಈ ಸಂದೇಶವನ್ನು ಅಳಿಸಲಾಗಿದೆ

ಸುಮಿತ್ರತ್ತೆ, 6:44
ಅಳಿಸುವ ಮುಂಚೆ ನಾನು ಓದಿದೆ ಚೇತು. ದೊಡ್ಡಪ್ಪನಿಗೆ ಹಾಗೆಲ್ಲ ಬರೆಯಬಾರದು.

ಚೇತನ್, 6:47
ತಪ್ಪಾಯ್ತು ದೊಡ್ಡಪ್ಪ. "ಆಸ್ಪತ್ರೆಗೆ ಓಡಬೇಡಿ" ಅಂತ ಇದೆಯಲ್ಲ, ಅದನ್ನು ಓದಿ ಸಿಟ್ಟು ಬಂತು.

ನಾಗೇಂದ್ರ ದೊಡ್ಡಪ್ಪ, 7:05
ಬೇಜಾರಿಲ್ಲ. ಆದರೆ ನಾನು ಸುಮ್ನೆ ಕಳಿಸಿಲ್ಲ. 1983ರಲ್ಲಿ ಗದ್ದೆ ಅಂಚಿನಲ್ಲಿ ನನಗೇ ಹಾವು ಕಚ್ಚಿತ್ತು. ಅಪ್ಪಯ್ಯ ಗಾಡಿ ಕಟ್ಟಿಸಿಕೊಂಡು ಪಂಡಿತರ ಮನೆಗೆ ಕರೆದುಕೊಂಡು ಹೋದರು. ಬೇವಿನ ಸೊಪ್ಪು ತಿನ್ನಿಸಿ ಕಹಿ ಗೊತ್ತಾಗುತ್ತಾ ಅಂತ ಕೇಳಿದರು. ಮಂತ್ರ ಹಾಕಿದರು, ಬೇರು ಅರೆದು ಹಚ್ಚಿದರು, ರಾತ್ರಿ ಇಡೀ ಮಲಗೋಕೆ ಬಿಡಲಿಲ್ಲ. ಒಂದು ಪೈಸೆ ಮುಟ್ಟಲಿಲ್ಲ, ಎಲೆ ಅಡಿಕೆ ಇಟ್ಟು ಬಂದೆವು ಅಷ್ಟೆ. ಇವತ್ತಿಗೂ ಬದುಕಿದ್ದೇನೆ. ಇನ್ನೇನು ಸಾಕ್ಷಿ ಬೇಕು?

ಶ್ವೇತಾ, 8:30
ಈಗ ನೈಟ್ ಡ್ಯೂಟಿ ಮುಗಿಸಿ ಬಂದು ನೋಡಿದೆ. ದೊಡ್ಡಪ್ಪ, ಒಂದು ಕೇಳ್ತೀನಿ. ಅವತ್ತು ಯಾವ ಹಾವು ಅಂತ ಯಾರಾದರೂ ನೋಡಿದ್ದರಾ?

ನಾಗೇಂದ್ರ ದೊಡ್ಡಪ್ಪ, 8:34
ಕತ್ತಲೆ. ಯಾರೂ ನೋಡಲಿಲ್ಲ. ಗಾಯ ನೋಡಿ ನಾಗರಹಾವು ಅಂತ ಪಂಡಿತರೇ ಹೇಳಿದರು.

ಶ್ವೇತಾ, 8:52
ವಿಷಯ ಇರೋದೇ ಅಲ್ಲಿ. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವು ಇವೆ, ಜಾಸ್ತಿಯವು ವಿಷ ಇಲ್ಲದವು. ಜೀವ ತೆಗೆಯೋದು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಇವು ಕೂಡ ಎಷ್ಟೋ ಸಲ ಹಲ್ಲು ಊರಿ ವಿಷ ಬಿಡದೇ ಹೋಗುತ್ತವೆ. ಹಾಗಾಗಿ ಕಚ್ಚಿಸಿಕೊಂಡವರಲ್ಲಿ ತುಂಬಾ ಜನ ಏನೂ ಮಾಡದಿದ್ದರೂ ಬದುಕುತ್ತಾರೆ. ಅವರು ಪಂಡಿತರ ಹತ್ತಿರ ಹೋಗಿ ಬದುಕಿದರೆ ಹೆಸರು ಪಂಡಿತರಿಗೆ. ಕಲ್ಲು ಇಟ್ಟು ಬದುಕಿದರೆ ಕಲ್ಲಿಗೆ. ನಿಮ್ಮ ಪಂಡಿತರು ಮೋಸಗಾರರು ಅಂತ ಹೇಳ್ತಾ ಇಲ್ಲ. ದುಡ್ಡು ಮುಟ್ಟದ ಮನುಷ್ಯ, ಎದುರಿಗೆ ಅಷ್ಟು ಜನ ಎದ್ದು ಹೋಗಿದ್ದನ್ನು ಕಣ್ಣಾರೆ ಕಂಡವರು, ಅವರಿಗೂ ತಮ್ಮ ಮಂತ್ರದಿಂದಲೇ ಆಯಿತು ಅಂತ ಮನಸಾರೆ ಅನ್ನಿಸಿರುತ್ತದೆ.

ರವಿ ಭಾವ, 9:10
ಹಾಲಿನ ಗುಳ್ಳೆ ನಾನು ಹೇಳ್ತೀನಿ. ಆ ಕಲ್ಲು ಸಾಮಾನ್ಯವಾಗಿ ಸುಟ್ಟ ಮೂಳೆ. ತುಂಬಾ ಸಣ್ಣ ಸಣ್ಣ ತೂತು ಇರುತ್ತವೆ, ಅದಕ್ಕೇ ರಕ್ತ ಹೀರಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಹಾಲಿಗೆ ಹಾಕಿದಾಗ ತೂತಿನ ಒಳಗಿನ ಗಾಳಿ ಮೇಲೆ ಬರುತ್ತದೆ. ಅಂಗಳದಲ್ಲಿ ಬಿದ್ದಿರುವ ಒಣ ಹಂಚಿನ ಚೂರನ್ನು ನೀರಿಗೆ ಹಾಕಿ ನೋಡಿ, ಅದೇ ಗುಳ್ಳೆ. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ. ವಿಷ ಅಷ್ಟು ಹೊತ್ತಿಗೆ ಮೈಯೊಳಗೆ ಹೋಗಿಯಾಗಿರುತ್ತದೆ.

ಚೇತನ್, 9:15
ಚಾಮರಾಜನಗರಕ್ಕೆ ಹೋದರೆ ಮುಖ್ಯಮಂತ್ರಿ ಕುರ್ಚಿ ಹೋಗುತ್ತದೆ ಅಂತ ಇತ್ತಲ್ಲ, ಹಾಗೇ ಇದು. ಹೋಗಿ ಕುರ್ಚಿ ಕಳೆದುಕೊಂಡವರನ್ನು ಮಾತ್ರ ಎಣಿಸಿದರು. ಸಿದ್ದರಾಮಯ್ಯ ಹಲವು ಸಲ ಹೋಗಿ ಬಂದು 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರು. ಇಂಥದ್ದನ್ನೆಲ್ಲ ನಂಬೋರು ಯೋಚನೆ ಮಾಡೋದೇ ಇಲ್ಲ.

ಸುಮಿತ್ರತ್ತೆ, 9:21
ನಿನ್ನ ಹೊಸ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಫೋಟೊ ನೀನೇ ಇಲ್ಲಿ ಹಾಕಿದ್ದೆಯಲ್ಲ ಮಗಾ.

ಚೇತನ್, 9:26
ಹೌದು ಅತ್ತೆ. ಅಷ್ಟು ಸಾಲ ಮಾಡಿ ತೆಗೆದುಕೊಂಡಿದ್ದೆ. ಬೆಂಗಳೂರಿನ ರಸ್ತೆ. ಕಟ್ಟದೇ ಇದ್ದು ಏನಾದರೂ ಆಗಿಬಿಟ್ಟರೆ ಅಂತ ಭಯ ಆಯಿತು, ಕಟ್ಟಿದೆ.

ಶ್ವೇತಾ, 9:33
ಅದೇ ಭಯ ರಾತ್ರಿ ಎರಡು ಗಂಟೆಗೆ ಮಗುವಿನ ಕಾಲಲ್ಲಿ ಹಲ್ಲಿನ ಗುರುತು ನೋಡಿದ ಅಮ್ಮನಿಗೆ ಎಷ್ಟು ಇರಬೇಡ? ಅವಳನ್ನು ಯೋಚನೆ ಮಾಡದವಳು ಅಂದರೆ ತಪ್ಪಾಗುತ್ತದೆ ಚೇತು. ಕೈಯಲ್ಲಿ ಏನೂ ಇಲ್ಲದಾಗ ಯಾರಾದರೂ ಏನಾದರೂ ಮಾಡಲಿ ಅನ್ನಿಸುತ್ತದೆ. ನಿನ್ನ ನಿಂಬೆಹಣ್ಣಿನಿಂದ ಯಾರಿಗೂ ನಷ್ಟ ಇಲ್ಲ. ಕಲ್ಲು ಕಟ್ಟಿಕೊಂಡು ಕೂತರೆ ಹೊತ್ತು ಹೋಗುತ್ತದೆ, ವ್ಯತ್ಯಾಸ ಅಷ್ಟೆ.

ಸುಮಿತ್ರತ್ತೆ, 9:50
ಒಂದು ವಿಷಯ ಹೇಳಬೇಕು. ಕಳೆ ತೆಗೆಯೋಕೆ ಬರುತ್ತಿದ್ದ ಹೆಂಗಸೊಬ್ಬಳು ಇದ್ದಳು, ಅಣ್ಣಯ್ಯನಿಗೆ ಗೊತ್ತು. ನೆಲದ ಮೇಲೆ ಮಲಗಿದ್ದಳು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದಳು. ಆಮೇಲೆ ಕಣ್ಣು ಬಿಡೋಕೆ ಆಗಲಿಲ್ಲ, ಮಾತು ತೊದಲಿತು. ಗಾಳಿ ಸೋಕಿದೆ ಅಂತ ನಿವಾಳಿಸಿದರು. ಹಾವಿರಬಹುದು ಅಂತ ಯಾರೋ ಹೇಳಿದ ಮೇಲೆ ಆ ಪಂಡಿತರ ಮಗನ ಹತ್ತಿರ ಕರೆದುಕೊಂಡು ಹೋದರು. ಮಧ್ಯಾಹ್ನದ ಒಳಗೆ ಹೋಗಿಬಿಟ್ಟಳು. ತಡವಾಗಿ ಬಂದಿರಿ ಅಂದರು. ಮನೆಯಲ್ಲಿ ನಾಗದೋಷ ಇತ್ತು ಅಂತಾನೂ ಅಂದರು. ಎರಡು ಚಿಕ್ಕ ಮಕ್ಕಳು ಇದ್ದವು.

ಶ್ವೇತಾ, 10:02
ಅತ್ತೆ, ನೀವು ಹೇಳಿದ್ದೆಲ್ಲ ಕಟ್ಟು ಹಾವಿನ ಲಕ್ಷಣ. ರಾತ್ರಿ ಮಲಗಿದವರಿಗೇ ಕಚ್ಚೋದು ಜಾಸ್ತಿ. ನೋವೇ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ. ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರಾಡುವ ಶಕ್ತಿ ಹೋಗುತ್ತದೆ. ಉಸಿರಾಟದ ಯಂತ್ರಕ್ಕೆ ಹಾಕಿ ಇಂಜೆಕ್ಷನ್ ಕೊಟ್ಟರೆ ಇಂಥವರು ಎದ್ದು ಮನೆಗೆ ನಡೆದುಕೊಂಡು ಹೋಗುತ್ತಾರೆ, ನಾನೇ ನೋಡಿದ್ದೇನೆ.

ದೊಡ್ಡಪ್ಪ, ನೀವು ಬದುಕಿದ ಕಥೆ ನಲವತ್ತು ವರ್ಷದಿಂದ ಊರಲ್ಲಿ ಓಡಾಡುತ್ತಿದೆ. ಅವಳ ಕಥೆ ನನಗೇ ಇವತ್ತು ಗೊತ್ತಾಗಿದ್ದು. ಬದುಕಿದರೆ ಮಂತ್ರ, ಸತ್ತರೆ ದೋಷ. ಹೀಗೆ ಲೆಕ್ಕ ಹಾಕಿದರೆ ಮಂತ್ರ ಸೋಲೋದು ಯಾವಾಗ?

ನಾಗೇಂದ್ರ ದೊಡ್ಡಪ್ಪ, 10:40
ಆ ಹೆಂಗಸಿನ ವಿಷಯ ನಿಜ. ನಾನು ಮರೆತಿಲ್ಲ. ಆದರೆ ಇನ್ನೊಂದು ಕಡೆಯೂ ನೋಡು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಇಲ್ಲ ಅಂದರು. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿ ಇಂಜೆಕ್ಷನ್ ಇಲ್ಲ. ಕೊನೆಗೆ ಶಿವಮೊಗ್ಗ. ಪುಣ್ಯಕ್ಕೆ ಉಳಿದ. ಪಂಡಿತರ ಮನೆ ಬಾಗಿಲು ಯಾವತ್ತೂ ಹಾಕಿದ್ದಿಲ್ಲ. ಎದ್ದು ಬಂದು, ನೀರು ಕೊಟ್ಟು, ಏನೂ ಆಗಲ್ಲ ಮಗಾ ಅಂತ ತಲೆ ಸವರುತ್ತಿದ್ದರು. ನಿಮ್ಮಲ್ಲಿ ಯಾರು ಹಾಗೆ ಮಾಡುತ್ತಾರೆ?

ಶ್ವೇತಾ, 11:05
ಈ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಅದು ನಮ್ಮ ತಪ್ಪೇ. ಜನ ನಮ್ಮನ್ನು ನಂಬಬೇಕು ಅಂದರೆ ನಾವು ಬಾಗಿಲು ತೆಗೆದಿರಬೇಕು. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಜನಕ್ಕೆ ಕಚ್ಚುತ್ತಿದೆ ಅಂತ ಗೊತ್ತಿದ್ದರೆ ಅಲ್ಲಿಗೆ ಔಷಧಿ ಕಳಿಸಿ ಅಂತ ಕೇಳಬಹುದು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಅಂತ ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲಿ, ಮನೆಯಲ್ಲೇ ಸತ್ತವರು. ನಮ್ಮಂಥ ಮನೆಯವರು ದೊಡ್ಡಪ್ಪ.

ರವಿ ಭಾವ, 11:12
ಹಾವು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ತಂತ್ರ ಮಾಡೋದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಜಾರಿಯಲ್ಲಿದೆ.

ನಾಗೇಂದ್ರ ದೊಡ್ಡಪ್ಪ, 11:30
ಕಾನೂನು ಇರಲಿ. ಬನದಲ್ಲಿ ನಾಗನ ಕಲ್ಲಿಗೆ ತನಿ ಎರೆಯೋದನ್ನು ನಾನು ಬಿಡಲ್ಲ.

ಶ್ವೇತಾ, 11:34
ಯಾರು ಬಿಡಿ ಅಂದರು? ಪಂಚಮಿಗೆ ನಾನೂ ಬರುತ್ತೇನೆ. ಆ ಬನ ಇರೋದರಿಂದಲೇ ಅಲ್ಲಿ ಅಷ್ಟು ಹಳೇ ಮರ ಉಳಿದಿವೆ. ವಿಡಿಯೊದ ಮೊದಲ ಸಾಲು ಒಂದೇ ನನ್ನ ತಕರಾರು.

ನಾಗೇಂದ್ರ ದೊಡ್ಡಪ್ಪ, 12:15
ಹಾಗಾದರೆ ಕಚ್ಚಿದ ಕೂಡಲೇ ಏನು ಮಾಡಬೇಕು ಅಂತ ಸರಿಯಾಗಿ ಬರೆದು ಹಾಕು. ಸೋಮವಾರದಿಂದ ಕಳೆ ತೆಗೆಯೋಕೆ ಎಂಟು ಜನ ಬರುತ್ತಾರೆ.

ಶ್ವೇತಾ, 12:38
ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದುಬಿಡಿ, ಊದಿಕೊಂಡ ಮೇಲೆ ಬರಲ್ಲ. ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ. ಹಾವನ್ನು ಹುಡುಕುತ್ತಾ ನಿಲ್ಲಬೇಡಿ. ಎಷ್ಟು ಗಂಟೆಗೆ ಕಚ್ಚಿತು ಅಂತ ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ, ತಡ ಆಗುತ್ತೆ ಅಂದರೆ ಸಿಕ್ಕಿದ ಗಾಡಿ ಹತ್ತಿ. ಬಂದವರಿಗೆಲ್ಲ ನಾವು ಇಂಜೆಕ್ಷನ್ ಚುಚ್ಚೋದಿಲ್ಲ. ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಇಡುತ್ತೇವೆ, ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಹೆಪ್ಪುಗಟ್ಟಿದರೂ ಒಂದು ದಿನ ಇಟ್ಟುಕೊಂಡು ನೋಡುತ್ತೇವೆ, ನಾಗರ ಮತ್ತು ಕಟ್ಟು ಹಾವಿನ ವಿಷ ಈ ಟ್ಯೂಬಿನಲ್ಲಿ ಗೊತ್ತಾಗಲ್ಲ. ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಅಂತ ಇವತ್ತು ಸಂಜೆಯೊಳಗೆ ವಿಚಾರಿಸಿ ಇಲ್ಲೇ ಹಾಕುತ್ತೇನೆ.

ನಾಗೇಂದ್ರ ದೊಡ್ಡಪ್ಪ, 12:51
ವಿಡಿಯೊ ತೆಗೆದಿದ್ದೇನೆ. ಸೊಸೈಟಿ ಗುಂಪಿಗೂ ಕಳಿಸಿದ್ದೆ, ಅಲ್ಲಿ ಈಗ ಅಳಿಸೋಕೆ ಬರುತ್ತಿಲ್ಲ. ಇದನ್ನು ಅಲ್ಲಿ ಹಾಕುತ್ತೇನೆ.

ಸುಮಿತ್ರತ್ತೆ, 1:03
ಚೇತು, ಶನಿವಾರ ಬರುವಾಗ ಎಂಟು ಜೊತೆ ಗಂಬೂಟು ತಾ. ಹೆಂಗಸರೇ ಐದು ಜನ, ಅವರಿಗೆ ಸಣ್ಣ ಸೈಜು. ದೊಡ್ಡ ಟಾರ್ಚು ಒಂದು. ದುಡ್ಡು ನಾನು ಕೊಡುತ್ತೇನೆ.