ರಿವರ್ಸ್ ಲೈಟ್ ಹತ್ತುತ್ತಿಲ್ಲ: ಗಾಡಿ ಕೆಳಗೆ ಮಲಗುವ ಮುಂಚೆ ನಿಮ್ಮ ಅನುಭವ ಹೇಳಿ

ಹಸಿರುತಂತಿ:
1971ರ ಬ್ರಿಟಿಷ್ ರೋಡ್‌ಸ್ಟರ್, ನಾಲ್ಕು ಗೇರು, ನೆಗೆಟಿವ್ ಅರ್ತ್ (ಬ್ಯಾಟರಿಯ ಮೈನಸ್ ತುದಿ ಬಾಡಿಗೆ ಸೇರಿದೆ). ರಿವರ್ಸ್ ಲೈಟ್ ಎರಡೂ ಹತ್ತುತ್ತಿಲ್ಲ. ಮೊದಮೊದಲು ರಿವರ್ಸ್ ಹಾಕಿ ಲಿವರನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿದರೆ ಹತ್ತುತ್ತಿತ್ತು, ಈಗ ಅದೂ ಇಲ್ಲ. ಬಲ್ಬ್ ಹೊಸದು. ಅದೇ ಫ್ಯೂಸಿನಿಂದ ಹೋಗುವ ಬ್ರೇಕ್ ಲೈಟ್ ಚೆನ್ನಾಗಿದೆ. ನಿಮಗೆಲ್ಲ ಏನಾಗಿತ್ತು, ಎಲ್ಲಿಂದ ಶುರು ಮಾಡಿದಿರಿ?

ಮೂರನೇಸ್ವಿಚ್:
ಗೇರ್‌ಬಾಕ್ಸಿನ ಸ್ವಿಚ್ಚೇ ಹೋಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ, ನನಗೂ ಹಾಗೇ ಹೇಳಿದ್ರು. ರಿವರ್ಸ್ ಹಾಕಿದಾಗ ಗೇರ್ ಅದರ ತುದಿಯ ಗುಂಡನ್ನು ಒತ್ತಿ ಲೈಟ್ ಹತ್ತಿಸುತ್ತೆ. ಮೂರು ಸ್ವಿಚ್, ನಾಲ್ಕು ವಾರಾಂತ್ಯ, 26 ಗಂಟೆ. ಬರೆದಿಟ್ಟಿದ್ದೇನೆ. ಮೊದಲನೇದನ್ನು ಬಿಚ್ಚುತ್ತಿದ್ದ ಹಾಗೆ ಗೇರ್ ಆಯಿಲ್ ಬೆರಳಿಂದ ಮೊಣಕೈವರೆಗೂ ಇಳೀತು; ನನ್ನ ಗಾಡೀಲಿ ಸ್ವಿಚ್ ಕೂರೋ ತೂತು ಆಯಿಲ್ ಮಟ್ಟಕ್ಕಿಂತ ಕೆಳಗಿದೆ ಅಂತ ಯಾರೂ ಹೇಳಿರಲಿಲ್ಲ. ವಾಷರ್ ದಪ್ಪ ಇದ್ದಷ್ಟೂ ಸ್ವಿಚ್ ಹೊರಗೆ ಕೂರುತ್ತೆ, ಗುಂಡು ಕಡಿಮೆ ಒತ್ತುತ್ತೆ. ಹೊಸ ಸ್ವಿಚ್ಚಿಗೆ ಹಳೇ ಫೈಬರ್ ವಾಷರ್ ಎರಡೂ ಹಾಕಿದೆ, ಹತ್ತಲಿಲ್ಲ. ಒಂದು ತೆಗೆದೆ, ನ್ಯೂಟ್ರಲಿನಲ್ಲೂ ಆರಲಿಲ್ಲ. ತೆಗೆದದ್ದರ ಜಾಗಕ್ಕೆ ತೆಳ್ಳಗಿನ ವಾಷರ್ ಹುಡುಕಿ ಹಾಕಿದ ಮೇಲೆ ಸರಿಹೋಯ್ತು, ಎರಡು ದಿನ. ಮತ್ತೆ ಕತ್ತಲು. ಎರಡನೇ ಸ್ವಿಚ್ಚಿನ ಗುಂಡು ಒಳಗೇ ಸಿಕ್ಕಿಕೊಂಡಿತು. ಮೂರನೇದನ್ನು ಸಿಟ್ಟಲ್ಲಿ ಒಂದು ಸುತ್ತು ಜಾಸ್ತಿ ಬಿಗಿದೆ, ಅಲ್ಯೂಮಿನಿಯಂ ಥ್ರೆಡ್ ಸ್ಪ್ಯಾನರಿನ ಜೊತೇಲೇ ಮೆತ್ತಗಾಗಿ ತಿರುಗಿದ್ದು ಇವತ್ತಿಗೂ ಕೈಗೆ ನೆನಪಿದೆ. ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಹಾಕುವ ತಂತಿಸುರುಳಿ) ಕೂರಿಸೋಕೆ ಗೇರ್‌ಬಾಕ್ಸ್ ಕವಚವನ್ನೇ ಇಳಿಸಬೇಕಾಯ್ತು.

ತೊಂದರೆ ಇದ್ದದ್ದೆಲ್ಲಿ? ಗೇರ್‌ಬಾಕ್ಸ್ ಪಕ್ಕದ ಬುಲೆಟ್ ಕನೆಕ್ಟರಿನಲ್ಲಿ, ಅಂದ್ರೆ ಎರಡು ತಂತಿಯ ತುದಿ ರಬ್ಬರ್ ಕೊಳವೆಯೊಳಗೆ ಸಿಕ್ಕಿಸಿ ಕೂಡಿಸೋ ಜಾಗದಲ್ಲಿ. ತಂತಿಯನ್ನು ಆ ಕೊಳವೆಯಿಂದ ಎಳೆದರೆ ಹಸಿರು ಪುಡಿ ಉದುರಿತು. ಮೊದಲನೇ, ಕಾರ್ಖಾನೆಯಿಂದ ಬಂದ ಸ್ವಿಚ್ಚನ್ನೇ ತೊಳೆದು ವಾಪಸ್ ಹಾಕಿದೆ. ಇವತ್ತಿಗೂ ನಡೀತಿದೆ.

ಟೆಸ್ಟ್‌ಲ್ಯಾಂಪ್:
ಮೇಲಿನವರ 26 ಗಂಟೆ ತಿಂದದ್ದು ಸ್ವಿಚ್ಚಲ್ಲ, ಪರೀಕ್ಷೆ ಮಾಡದೆ ಬಿಚ್ಚಿದ ಆತುರ. ಸ್ವಿಚ್ಚಿನ ಎರಡು ತಂತಿ ಕಳಚಿ ಒಂದಕ್ಕೊಂದು ಮುಟ್ಟಿಸಿ, ಇಗ್ನಿಷನ್ ಆನ್ ಮಾಡಿ. ಲೈಟ್ ಬಂದರೆ ಸ್ವಿಚ್ಚು ಅಥವಾ ಅದರ ಹೊಂದಾಣಿಕೆ, ಬಾರದಿದ್ದರೆ ತಂತಿ. ಎರಡು ನಿಮಿಷ.

ನನಗೆ ಮೋಸ ಮಾಡಿದ್ದು ಮಲ್ಟಿಮೀಟರ್. ಬಲ್ಬ್ ತೆಗೆದು ಹೋಲ್ಡರಿನಲ್ಲಿ ಅಳೆದರೆ 12.4 ವೋಲ್ಟ್, ಬಲ್ಬ್ ಹಾಕಿದರೆ ಕತ್ತಲು. ಎರಡು ತಿಂಗಳು ಹೋಲ್ಡರಿಗೆ ಬೈದು ಎರಡು ಸಲ ಬದಲಾಯಿಸಿದೆ. ಕೊನೆಗೆ ಬಲ್ಬ್ ಹಾಕಿಟ್ಟೇ ಅಳೆದಾಗ 3 ವೋಲ್ಟ್ ಕೂಡ ಇಲ್ಲ. ಡಿಕ್ಕಿ ಮುಚ್ಚಳದ ಕೀಲಿನ ಹತ್ತಿರ ಮಡಚಿ ಮಡಚಿ ತಂತಿ ಒಳಗೇ ತುಂಡಾಗಿತ್ತು. ಮೇಲಿನ ಹೊದಿಕೆ ಹಾಗೇ ಇತ್ತು, ಒಳಗೆ ಕಿಲುಬು ಹಿಡಿದ ತುದಿಗಳು ಬರೀ ತಾಗಿಕೊಂಡಿದ್ದವು. ಮೀಟರಿಗೆ ಅಷ್ಟು ತಾಗಿದರೆ ಸಾಕು. 21 ವ್ಯಾಟ್ ಬಲ್ಬಿಗೆ 1.75 ಆಂಪಿಯರ್ ಬೇಕು, ಅದಕ್ಕೆ ಸಾಲದು. ಆವತ್ತಿಂದ ಲೋಡ್ ಇಲ್ಲದೆ ಅಳೆದ ವೋಲ್ಟನ್ನು ನಾನು ಲೆಕ್ಕಕ್ಕೇ ಇಡೋದಿಲ್ಲ.

ಮೂರನೇಸ್ವಿಚ್:
ಮುಟ್ಟಿಸಿ ನೋಡದೆ ಬಿಟ್ಟಿದ್ದೆ ಅಂದ್ಕೊಂಡ್ರಾ? ಮೊದಲನೇ ದಿನವೇ ನೋಡಿದೆ, ಲೈಟ್ ಬಂತು! ತಂತಿ ಎಳೆದಾಗ ಆ ಕೊಳೆತ ಕನೆಕ್ಟರ್ ಅಲ್ಲಾಡಿ ಕೂಡಿಕೊಂಡಿತ್ತು, ಹಾಗಾಗಿ ಸ್ವಿಚ್ಚೇ ಕಳ್ಳ ಅಂತ ತೀರ್ಮಾನ ಮಾಡಿದೆ. ನಿಮ್ಮ ಎರಡು ನಿಮಿಷದ ಪರೀಕ್ಷೆಯೇ ನನ್ನನ್ನು ದಾರಿ ತಪ್ಪಿಸಿದ್ದು. ಹೋಲ್ಡರನ್ನು ಎರಡು ಸಲ ಬದಲಾಯಿಸಿದವರು ನನಗೆ ಆತುರದ ಪಾಠ ಹೇಳಬೇಡಿ.

ಬರಿಲೋಹ:
ಅರ್ತ್ ಬಗ್ಗೆ ಇನ್ನೂ ಒಬ್ಬರೂ ಮಾತಾಡಿಲ್ಲ, ಆಶ್ಚರ್ಯ. ನಾನು ಬಾಡಿ ಪೂರ್ತಿ ಕೆರೆದು, ಏಳು ತಿಂಗಳು ಕೂತು ಪೇಂಟ್ ಮಾಡಿದವನು. ಎಲ್ಲ ಜೋಡಿಸಿದ ಮೇಲೆ ರಿವರ್ಸ್ ಲೈಟ್ ಇಲ್ಲ. ಬ್ರೇಕ್ ಒತ್ತಿದರೆ ಮಾತ್ರ ಅದು ಮಿಣಮಿಣ ಅನ್ನೋದು. ನನ್ನ ಗಾಡೀಲಿ ಹಿಂದಿನ ದೀಪಗಳಿಗೆಲ್ಲ ಹೋಲ್ಡರಿನ ಸ್ಕ್ರೂ ಒಂದೇ ಅರ್ತ್. ಆ ಸ್ಕ್ರೂ ಕೂತದ್ದು ನನ್ನ ಹೊಸ ಪೇಂಟಿನ ಮೇಲೆ, ಕರೆಂಟು ಬಾಡಿಗೆ ಇಳಿಯಲು ದಾರಿಯಿಲ್ಲದೆ ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿತ್ತು. ನಾಲ್ಕು ಕೋಟ್ ಬಣ್ಣದ ಮೇಲೆ ನಾನೇ ಎಮರಿ ಪೇಪರ್ ಇಟ್ಟು ನಾಣ್ಯದಗಲ ಕೆರೆದೆ. ಬೆಳ್ಳಿಯ ಹಾಗೆ ಲೋಹ ಕಾಣುವವರೆಗೂ. ಹೊಟ್ಟೆ ಉರಿಯಿತು, ಆದರೆ ಲೈಟ್ ಬಂತು. ಆಮೇಲೆ ವ್ಯಾಸಲೀನ್ ಸವರಿ ಸ್ಕ್ರೂ ಬಿಗಿದೆ.

ಹೊಸಬೆಳಕು:
ಇಷ್ಟೆಲ್ಲ ಪಾಡು ಯಾಕೆ? ಎಲ್ಇಡಿ ಹಾಕಿ. ಕರೆಂಟ್ ತುಂಬಾ ಕಡಿಮೆ ಎಳೆಯುತ್ತೆ, ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡೋದಿಲ್ಲ. ನನ್ನದು ಪಾಸಿಟಿವ್ ಅರ್ತ್ ಗಾಡಿ. ಮೊದಲ ಎರಡು ಜೊತೆ ಎಲ್ಇಡಿ ಉಲ್ಟಾ ಪೋಲಾರಿಟಿಯವು, ಹತ್ತಲೇ ಇಲ್ಲ, ಎಸೆದೆ. ಮೂರನೇ ಜೊತೆ ಪಾಸಿಟಿವ್ ಅರ್ತಿಗೆಂದೇ ಮಾಡಿದ್ದು. ನಾಲ್ಕು ವರ್ಷ ಆಯ್ತು, ಮುಟ್ಟಿಲ್ಲ.

ಟೆಸ್ಟ್‌ಲ್ಯಾಂಪ್:
ಕೆಟ್ಟ ಕನೆಕ್ಷನ್ ಇದ್ದಲ್ಲೇ ಇದೆ, ಕಡಿಮೆ ಕರೆಂಟಿನ ಬಲ್ಬ್ ಹಾಕಿ ಅದನ್ನು ಮುಚ್ಚಿಟ್ಟಿದ್ದೀರಿ ಅಷ್ಟೆ. ಆ ರಿಫ್ಲೆಕ್ಟರ್ ಮಾಡಿದ್ದು ಫಿಲಮೆಂಟ್ ಕೂರುವ ಜಾಗ ಲೆಕ್ಕ ಹಾಕಿ. ಬೇರೆ ಜಾಗದಿಂದ ಬೆಳಕು ಹೊರಟರೆ ಹಿಂದೆ ನಿಂತವರ ಕಣ್ಣಿಗೆ ಚುಚ್ಚುತ್ತೆ, ನೆಲಕ್ಕೆ ಬೀಳೋದಿಲ್ಲ. ಸ್ವಿಚ್ ಉಳಿಸಬೇಕಾದರೆ ರಿಲೇ ಹಾಕಿ, ಬಲ್ಬಿನ ಕರೆಂಟನ್ನು ಸ್ವಿಚ್ಚಿನ ಬದಲು ಅದು ಹೊರುತ್ತೆ.

ಹೊಸಬೆಳಕು:
ರಿಲೇ ಹಾಕಿದರೆ ಅಸಲಿ, ಎಲ್ಇಡಿ ಹಾಕಿದರೆ ಪಾಪವೇ? ನನ್ನ ವೈರಿಂಗ್ ಒಂದು ಇಂಚೂ ಕತ್ತರಿಸಿಲ್ಲ. ನಾಳೆ ಬೇಕಾದರೆ ಹಳೇ ಬಲ್ಬ್ ತಿರುಗಿಸಿ ಹಾಕಬಹುದು. ನಿಮ್ಮ ರಿಲೇಗೆ ಎಷ್ಟು ಕಡೆ ಕತ್ತರಿ ಆಡಿಸಿದಿರಿ, ಹೇಳಿ.

ಪಿಆರ್‌ಎನ್‌ಡಿ:
ನನ್ನದು ಜರ್ಮನ್ ಆಟೋಮ್ಯಾಟಿಕ್. ಅದರಲ್ಲಿ ರಿವರ್ಸ್ ಲೈಟಿಗೂ ಸ್ಟಾರ್ಟರಿಗೂ ಒಂದೇ ಸ್ವಿಚ್. ಲೈಟ್ ಸರಿ ಮಾಡೋಣ ಅಂತ ಅದನ್ನು ಸಡಿಲಿಸಿ ಒಂದು ಕೂದಲೆಳೆ ತಿರುಗಿಸಿದೆ. ಲೈಟ್ ಬಂತು, ಗಾಡಿ ಸ್ಟಾರ್ಟ್ ಆಗೋದು ನಿಂತಿತು. ಒಂಬತ್ತು ದಿನ ಶೆಡ್ಡಿನಲ್ಲೇ. ಪಾರ್ಕಿನಲ್ಲೂ ನ್ಯೂಟ್ರಲಿನಲ್ಲೂ ಸ್ಟಾರ್ಟ್ ಆಗಿ, ರಿವರ್ಸಿನಲ್ಲಿ ಮಾತ್ರ ಲೈಟ್ ಬರುವ ಆ ಒಂದೇ ಜಾಗ ಸಿಗೋಕೆ ಮೂವತ್ತಕ್ಕಿಂತ ಹೆಚ್ಚು ಸಲ ಕೆಳಗೆ ಹೋಗಿ ಬಂದಿದ್ದೇನೆ. ಬಿಚ್ಚುವ ಮುಂಚೆ ಗೀರು ಹಾಕಿ ಗುರುತು ಮಾಡಿ. ನಾನು ಮಾಡಿರಲಿಲ್ಲ.

ಡ್ಯಾಶ್‌ಸ್ವಿಚ್:
ನಾನು ಗೇರ್‌ಬಾಕ್ಸ್ ಕಡೆ ಹೋಗಲೇ ಇಲ್ಲ. ಡ್ಯಾಶ್ ಕೆಳಗೆ ಒಂದು ಸ್ವಿಚ್ ಇಟ್ಟೆ, ಹಿಂದೆ ಹೋಗುವಾಗ ಹಾಕ್ತೀನಿ. ಹನ್ನೊಂದು ವರ್ಷದಿಂದ ಒಂದು ದಿನ ಕೈಕೊಟ್ಟಿಲ್ಲ.

ಬರಿಲೋಹ:
ಇದನ್ನು ದಯವಿಟ್ಟು ಯಾರಿಗೂ ಹೇಳಿಕೊಡಬೇಡಿ. ಕತ್ತಲಲ್ಲಿ ನನ್ನ ಮುಂದೆ ಒಂದು ಹಳೇ ಗಾಡಿ ಬಿಳಿ ದೀಪ ಹಾಕಿಕೊಂಡೇ ಹೋಗುತ್ತಿತ್ತು. ಹಿಂದಕ್ಕೆ ಬರ್ತಿದೆ ಅಂದುಕೊಂಡು ಗಟ್ಟಿಯಾಗಿ ಬ್ರೇಕ್ ಹೊಡೆದೆ, ನನ್ನ ಹಿಂದಿನವರು ಬಂದು ಗುದ್ದಿದರು. ಅವತ್ತು ಜಜ್ಜಿಹೋದದ್ದು ಆ ಏಳು ತಿಂಗಳ ಪೇಂಟು.

ಡ್ಯಾಶ್‌ಸ್ವಿಚ್:
ಅದು ನಾನಲ್ಲ. ನನ್ನ ಸ್ವಿಚ್ಚಿನ ಪಕ್ಕ ಕೆಂಪು ಸೂಚಕ ದೀಪ ಇದೆ, ಮರೆಯೋಕೆ ಸಾಧ್ಯವೇ ಇಲ್ಲ. ಯಾರದೋ ತಪ್ಪಿಗೆ ನನಗೆ ಬೈಯಬೇಡಿ.

ಹಸಿರುತಂತಿ:
ಎಲ್ಲರಿಗೂ ಧನ್ಯವಾದ. ಲಿವರ್ ಒತ್ತಿ ಹಿಡಿದರೆ ಹತ್ತುತ್ತಿತ್ತು ಅಂತ ಬರೆದಿದ್ದೆ, ಅದರ ಅರ್ಥವೇನು ಅಂತ ಯಾರಾದರೂ ಹೇಳ್ತೀರಾ? ತಂತಿ ಮುಟ್ಟಿಸಿ ನೋಡಿದೆ. ಬಲ್ಬ್ ಹಾಕಿಟ್ಟೇ ಅಳೆದೆ, ಹೋಲ್ಡರಿನಲ್ಲಿ 11.8. ಎರಡೂ ಜೋರಾಗಿ ಹತ್ತಿದವು. ಕನೆಕ್ಟರುಗಳನ್ನು ಎಷ್ಟು ಎಳೆದಾಡಿದರೂ ಮಿನುಗಲಿಲ್ಲ.

ಮೂರನೇಸ್ವಿಚ್:
ಹಾಗಾದ್ರೆ ತಂತಿ, ಅರ್ತ್ ಎರಡೂ ಸರಿ ಇದೆ. ಒಳಗಿನ ಗುಂಡನ್ನು ಗೇರ್ ಸಾಕಷ್ಟು ಒತ್ತುತ್ತಿಲ್ಲ. ಸ್ವಿಚ್ ಬಿಚ್ಚಿ, ಗುಂಡನ್ನು ಬೆರಳಲ್ಲಿ ಒತ್ತಿ ನೋಡಿ, ಕಾಂಟ್ಯಾಕ್ಟ್ ಸಿಕ್ಕಿದರೆ ಹೊಸದು ಬೇಡ. ಕೆಳಗಿರುವ ವಾಷರ್ ಒಂದನ್ನು ತೆಗೆದು ಅದಕ್ಕಿಂತ ತೆಳುವಾದದ್ದು ಹಾಕಿ, ನ್ಯೂಟ್ರಲಿನಲ್ಲಿ ಆರುತ್ತಾ ಅಂತ ನೋಡಿಕೊಳ್ಳಿ. ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ, ಆಯಿಲ್ ಬರಬಹುದು. ಮೊದಲು ಬರಿಗೈಯಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಮೆತ್ತಗೆ. ನನ್ನ ಹತ್ತಿರ ಮೂರು ದಪ್ಪದ ವಾಷರ್ ಉಳಿದಿವೆ. ನಿಮ್ಮ ಹಳೇದನ್ನು ಅಳೆದು ಹೇಳಿ, ಕಳಿಸ್ತೀನಿ.