ಕೈಯಂತ್ರಗಳ ಸವೆದ ಬ್ಯಾಟರಿ: ಬಳ್ಳಾರಿಯ ಪ್ಯಾಕ್ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ತಂತ್ರಜ್ಞ, ಬಳ್ಳಾರಿ: ವೈರ್ ಇಲ್ಲದ ಡ್ರಿಲ್, ಗ್ರೈಂಡರ್, ಇಂಪ್ಯಾಕ್ಟ್ ರೆಂಚ್‌ಗಳ ಬ್ಯಾಟರಿಯ ಬಗ್ಗೆ ಇಂದು ಸಂಜೆ ಈ ಗುಂಪಿನಲ್ಲಿ ಉತ್ತರಿಸುತ್ತೇನೆ. ಪ್ಯಾಕ್‌ನ, ಅಂದರೆ ಸೆಲ್‌ಗಳನ್ನು ಜೋಡಿಸಿದ ಬ್ಯಾಟರಿ ಡಬ್ಬದ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ) ಎಷ್ಟು, ಅದು ನಿಕಲ್ ಕ್ಯಾಡ್ಮಿಯಂ ಬಗೆಯದೋ ಲಿಥಿಯಂ ಅಯಾನ್ ಬಗೆಯದೋ ಎಂಬುದನ್ನು ದಯವಿಟ್ಟು ಪ್ರಶ್ನೆಯಲ್ಲೇ ಬರೆಯಿರಿ. ಬ್ಯಾಟರಿ ಕೆಟ್ಟಿದೆ ಎಂದಷ್ಟೇ ಬರೆದರೆ ಊಹಿಸಿ ಹೇಳಲು ಆಗುವುದಿಲ್ಲ.

ಫಿಟ್ಟರ್, ತೋರಣಗಲ್ಲು: ನಮಸ್ಕಾರ ಸರ್. ನನ್ನದು 18 ವೋಲ್ಟ್, 5 ಆಂಪಿಯರ್-ಅವರ್ ಲಿಥಿಯಂ ಪ್ಯಾಕ್ ಇರುವ ಇಂಪ್ಯಾಕ್ಟ್ ರೆಂಚ್. ಚಾರ್ಜರ್‌ನಿಂದ ತೆಗೆದಾಗ ನಾಲ್ಕೂ ದೀಪಗಳು ಹತ್ತುತ್ತವೆ, ಆದರೆ ಬಿಗಿಯಾದ ಬೋಲ್ಟ್‌ಗೆ ಹಿಡಿದ ತಕ್ಷಣ ಯಂತ್ರ ನಿಲ್ಲುತ್ತದೆ. ದೋಷ ಮೋಟಾರಿನದೋ ಬ್ಯಾಟರಿಯದೋ?

ತಂತ್ರಜ್ಞ, ಬಳ್ಳಾರಿ: ನಮಸ್ಕಾರ. ಬಹುಮಟ್ಟಿಗೆ ಬ್ಯಾಟರಿಯದೇ. ಆ ದೀಪಗಳು ಹೆಚ್ಚಿನ ಪ್ಯಾಕ್‌ಗಳಲ್ಲಿ ವೋಲ್ಟೇಜನ್ನು ನೋಡಿ ಹತ್ತುತ್ತವೆಯೇ ಹೊರತು, ಸೆಲ್‌ಗಳಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನು ಅಳೆಯುವುದಿಲ್ಲ. ಸೆಲ್ ಸವೆದಂತೆ ಅದರ ಒಳಪ್ರತಿರೋಧ, ಅಂದರೆ ಕರೆಂಟ್ ಹರಿಯಲು ಒಳಗೇ ಆಗುವ ಅಡ್ಡಿ, ಏರುತ್ತದೆ. ಸುಮ್ಮನಿರುವಾಗ 20 ವೋಲ್ಟ್ ತೋರಿಸುವ ಪ್ಯಾಕ್, ರೆಂಚ್ 30–40 ಆಂಪಿಯರ್ ಎಳೆದ ಕ್ಷಣದಲ್ಲಿ 13ರ ಆಸುಪಾಸಿಗೆ ಕುಸಿಯುತ್ತದೆ, ಆಗ ರಕ್ಷಣಾ ಸರ್ಕ್ಯೂಟ್ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಜೊತೆಗಾರರ ಬಳಿ ಅದೇ ಕಂಪನಿಯ ಒಳ್ಳೆಯ ಪ್ಯಾಕ್ ಇದ್ದರೆ ಒಮ್ಮೆ ಹಾಕಿ ನೋಡಿ, ಅನುಮಾನ ತೀರುತ್ತದೆ. ನಿಮ್ಮ ಪ್ಯಾಕ್‌ನೊಳಗೆ ಸಾಮಾನ್ಯವಾಗಿ 2.5 ಆಂಪಿಯರ್-ಅವರ್‌ನ ಹತ್ತು ಸೆಲ್‌ಗಳು ಇರುತ್ತವೆ: ಎರಡೆರಡು ಸಮಾಂತರವಾಗಿ, ಅಂಥ ಐದು ಜೋಡಿಗಳು ಸರಣಿಯಲ್ಲಿ. ಹತ್ತನ್ನೂ ಒಟ್ಟಿಗೆ ಬದಲಿಸಬೇಕು, ಒಂದೊಂದೂ ನಿರಂತರ 20 ಆಂಪಿಯರ್ ಕೊಡಬಲ್ಲದ್ದಾಗಿರಬೇಕು. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್‌ಗಳು ಅಳತೆಯಲ್ಲಿ ಒಂದೇ ಆಗಿದ್ದರೂ ಇಷ್ಟು ಕರೆಂಟ್ ಕೊಡಲು ತಯಾರಾದವಲ್ಲ.

ಫಿಟ್ಟರ್, ತೋರಣಗಲ್ಲು: ಹತ್ತರಲ್ಲಿ ಎರಡೇ ಕೆಟ್ಟಿದ್ದರೆ ಆ ಎರಡನ್ನಷ್ಟೇ ಬದಲಿಸಬಹುದಲ್ಲವೇ?

ತಂತ್ರಜ್ಞ, ಬಳ್ಳಾರಿ: ಬೇಡ. ಹೊಸ ಎತ್ತಿಗೆ ಮುದಿ ಎತ್ತನ್ನು ಜೋಡಿಸಿ ಗಳೆ ಹೊಡೆದಂತಾಗುತ್ತದೆ. ಉಳಿದ ಎಂಟು ಬೇಗ ಖಾಲಿಯಾಗುತ್ತವೆ, ಬೇಗ ತುಂಬುತ್ತವೆ, ಕೆಲವೇ ತಿಂಗಳಲ್ಲಿ ಅದೇ ಪ್ಯಾಕ್ ಮತ್ತೆ ನನ್ನ ಮೇಜಿಗೆ ಬರುತ್ತದೆ.

ಪ್ಲಂಬರ್, ಸಿಂಧನೂರು: 18 ವೋಲ್ಟ್ ಮತ್ತು 20 ವೋಲ್ಟ್ ಬ್ಯಾಟರಿಗಳಲ್ಲಿ ಯಾವುದಕ್ಕೆ ಶಕ್ತಿ ಹೆಚ್ಚು?

ತಂತ್ರಜ್ಞ, ಬಳ್ಳಾರಿ: ಎರಡೂ ಒಂದೇ. ಎರಡರಲ್ಲೂ ಸರಣಿಯಲ್ಲಿ ಐದು ಸೆಲ್‌ಗಳಿವೆ. ಒಂದು ಸೆಲ್‌ಗೆ ಸರಾಸರಿ 3.6 ವೋಲ್ಟ್ ಹಿಡಿದರೆ 18, ಪೂರ್ತಿ ತುಂಬಿದಾಗಿನ ಲೆಕ್ಕ ಹಿಡಿದರೆ 20 ದಾಟುತ್ತದೆ.

ಪೀಠೋಪಕರಣ ಕೆಲಸ, ಗಂಗಾವತಿ: ಸರ್, ನನ್ನ ಡ್ರಿಲ್‌ನ 18 ವೋಲ್ಟ್ ಲಿಥಿಯಂ ಪ್ಯಾಕ್ ಮಳೆಗಾಲವಿಡೀ ಬಳಸದೆ ಬಿದ್ದಿತ್ತು. ಚಾರ್ಜರ್ ಅದನ್ನು ತೆಗೆದುಕೊಳ್ಳದೆ ಕೆಂಪು ದೀಪ ಮಿಟುಕಿಸಿತು. ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಮೂರನೆಯ ಜೋಡಿಯಲ್ಲಿ 0.9 ವೋಲ್ಟ್ ಇತ್ತು. ಫಾರ್ವರ್ಡ್ ಆಗಿ ಬಂದ ವಿಡಿಯೋದಲ್ಲಿ ತೋರಿಸಿದಂತೆ ಇನ್ನೊಂದು ಬ್ಯಾಟರಿಯಿಂದ ಎರಡು ವೈರ್ ತಾಗಿಸಿ ಕೆಲ ನಿಮಿಷ ಕರೆಂಟ್ ಕೊಟ್ಟೆ. ಆಮೇಲೆ ಚಾರ್ಜರ್ ಒಪ್ಪಿಕೊಂಡಿತು. ಈಗ ಡ್ರಿಲ್ ಓಡುತ್ತದೆ, ಆದರೆ ಬೇಗ ಖಾಲಿಯಾಗುತ್ತದೆ. ರಾತ್ರಿ ಚಾರ್ಜ್ ಮಾಡಿ ತೆಗೆದಿಟ್ಟರೂ ಬೆಳಿಗ್ಗೆ ಮುಟ್ಟಿದಾಗ ಬೆಚ್ಚಗಿರುತ್ತದೆ. ನೇಲ್ ಪಾಲಿಶ್‌ನಂಥ ಸಣ್ಣ ವಾಸನೆಯೂ ಇದೆ. ಇದಕ್ಕೆ ಏನು ಮಾಡಬೇಕು?

ತಂತ್ರಜ್ಞ, ಬಳ್ಳಾರಿ: ಉಳಿದವರು ಸ್ವಲ್ಪ ಕಾಯಿರಿ. ಆ ಪ್ಯಾಕ್ ಈಗ ಎಲ್ಲಿದೆ? ಅದರ ಹತ್ತಿರ ಏನೇನಿದೆ?

ಪೀಠೋಪಕರಣ ಕೆಲಸ, ಗಂಗಾವತಿ: ಅಂಗಡಿಯ ಕಪಾಟಿನಲ್ಲಿ. ಪಕ್ಕದಲ್ಲಿ ಥಿನ್ನರ್ ಮತ್ತು ಪಾಲಿಶ್ ಡಬ್ಬಗಳಿವೆ. ಅಂಗಡಿಯ ಹಿಂದೆಯೇ ಮನೆ.

ತಂತ್ರಜ್ಞ, ಬಳ್ಳಾರಿ: ಇದನ್ನು ಓದಿದ ಕೂಡಲೇ ಅದನ್ನು ಹೊರಗೆ ಒಯ್ಯಿರಿ. ಗೋಡೆ, ಹೊಟ್ಟು, ಬೈಕು, ದನದ ಮೇವು ಯಾವುದೂ ಹತ್ತಿರವಿಲ್ಲದ ಕಡೆ, ಬಿಸಿಲು ಬೀಳದ ಜಾಗದಲ್ಲಿ, ಬರಿ ನೆಲದ ಮೇಲೆ ಇಡಿ. ಮುಚ್ಚಳ ಬಿಗಿಯುವ ಡಬ್ಬದಲ್ಲಿ ಇಡಬೇಡಿ, ಅನಿಲ ಹೊರಬಂದರೆ ಡಬ್ಬ ಸಿಡಿಯುತ್ತದೆ. ಚಾರ್ಜ್ ಮಾಡಬೇಡಿ, ಡ್ರಿಲ್‌ಗೆ ಹಾಕಬೇಡಿ, ಮತ್ತೆ ಬಿಚ್ಚಬೇಡಿ. ಈಗಾಗಲೇ ಬಿಸಿ ಏರುತ್ತಿದ್ದರೆ, ಉಬ್ಬಿದ್ದರೆ ಅಥವಾ ಸದ್ದು ಬರುತ್ತಿದ್ದರೆ ಮುಟ್ಟಲೇಬೇಡಿ. ಮನೆಯವರನ್ನು ಹೊರಗೆ ಕರೆದುಕೊಂಡು 112ಕ್ಕೆ ಕರೆ ಮಾಡಿ.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದನ್ನೂ ತಿಳಿದುಕೊಳ್ಳಿ. ಲಿಥಿಯಂ ಸೆಲ್‌ನ ಋಣ ಧ್ರುವ ತಾಮ್ರದ ತೆಳುಹಾಳೆಯ ಮೇಲೆ ಲೇಪಿತವಾಗಿರುತ್ತದೆ. ಸೆಲ್ 2 ವೋಲ್ಟ್‌ಗಿಂತ ಬಹಳ ಕೆಳಗಿಳಿದು ವಾರಗಟ್ಟಲೆ ಹಾಗೆಯೇ ಉಳಿದರೆ ಆ ತಾಮ್ರ ಒಳಗಿನ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಮೊನಚಾಗಿ ಕೂತು, ಎರಡು ಧ್ರುವಗಳ ನಡುವಿನ ಸುಮಾರು 20 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪದರವನ್ನು ಚುಚ್ಚಿ ಒಳಗೊಳಗೇ ಶಾರ್ಟ್ ಮಾಡುತ್ತದೆ. ಬಳಸದೆ ಇಟ್ಟ ಪ್ಯಾಕ್ ಬೆಳಗಾದರೂ ಬೆಚ್ಚಗಿದೆ ಎಂದರೆ ಆ ಶಾರ್ಟ್‌ನಲ್ಲಿ ಕರೆಂಟ್ ಹರಿಯುತ್ತಿದೆ ಎಂದೇ ನಾನು ಎಣಿಸುತ್ತೇನೆ. ವಾಸನೆಯು ಸೆಲ್‌ನ ಒಳದ್ರವ ಜಿನುಗುತ್ತಿರುವುದರ ಗುರುತು, ಮತ್ತು ಆ ದ್ರವ ಹೊತ್ತಿಕೊಳ್ಳುವಂಥದ್ದು. ಚಾರ್ಜರ್ ಮೊದಲು ಕೆಂಪು ದೀಪ ಮಿಟುಕಿಸಿದ್ದು ದೋಷವಾಗಿರಲಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು. ಆ ವಿಡಿಯೋ ಮಾಡಿದವರು ಪ್ಯಾಕ್ ಜೀವ ಪಡೆದದ್ದನ್ನು ತೋರಿಸುತ್ತಾರೆ, ಮೂರು ವಾರಗಳ ನಂತರ ಅದು ಏನಾಯಿತು ಎಂಬುದನ್ನು ತೋರಿಸುವುದಿಲ್ಲ.

ಹೊಗೆ ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆಯಲ್ಲಿ ವಿಷಾನಿಲವಿರುತ್ತದೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಂತು ದೂರದಿಂದ ಪೈಪಿನಲ್ಲಿ ಧಾರಾಳವಾಗಿ ನೀರು ಬಿಡಿ.

ಸದಸ್ಯ, ಮಾನ್ವಿ: ಲಿಥಿಯಂಗೆ ನೀರು ಹಾಕಿದರೆ ಸ್ಫೋಟವಾಗುತ್ತದೆ ಎಂದು ನನಗೆ ಮೆಸೇಜ್ ಬಂದಿದೆ. ನೀವು ತಪ್ಪು ಹೇಳುತ್ತಿದ್ದೀರಿ.

ತಂತ್ರಜ್ಞ, ಬಳ್ಳಾರಿ: ಆ ಮಾತು ಲೋಹರೂಪದ ಲಿಥಿಯಂಗೆ ಸಂಬಂಧಿಸಿದ್ದು. ಈ ಸೆಲ್‌ಗಳಲ್ಲಿ ಲಿಥಿಯಂ ಲೋಹದ ಗಟ್ಟಿ ಇರುವುದಿಲ್ಲ, ಅಯಾನ್ ರೂಪದಲ್ಲಿ ಇರುತ್ತದೆ. ಇಲ್ಲಿ ಬೇಕಾದದ್ದು ತಂಪು, ಏಕೆಂದರೆ ಒಂದು ಸೆಲ್‌ನ ಶಾಖ ಪಕ್ಕದ ಸೆಲ್ಲನ್ನೂ ಹೊತ್ತಿಸುತ್ತದೆ. ತಂಪು ಮಾಡಲು ನೀರಿಗಿಂತ ಒಳ್ಳೆಯದು ನಿಮ್ಮ ಮನೆಯಲ್ಲಿ ಇಲ್ಲ.

ಸದಸ್ಯ, ಮಾನ್ವಿ: ಸರಿ. ಆದರೆ ಸತ್ತ ಬ್ಯಾಟರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಹೊಸದರಂತಾಗುತ್ತದೆ ಎಂಬುದು ಅನೇಕರ ಅನುಭವ.

ತಂತ್ರಜ್ಞ, ಬಳ್ಳಾರಿ: ಆಗುವುದಿಲ್ಲ. ಸವೆದ ರಸಾಯನ ಚಳಿಗೆ ಮರಳಿ ಬರುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿನ ಸೆಲ್ಲನ್ನು ಚಾರ್ಜ್‌ಗೆ ಹಾಕಿದರೆ ಅದರೊಳಗೆ ಲಿಥಿಯಂ ಲೋಹವಾಗಿಯೇ ಕೂರುತ್ತದೆ. ನೀವು ಈಗ ಹೆದರುತ್ತಿದ್ದ ವಸ್ತುವನ್ನು ನೀವೇ ತಯಾರಿಸಿದಂತಾಗುತ್ತದೆ. ಆ ಸಂದೇಶವನ್ನು ಇಲ್ಲಿ ಮತ್ತೆ ಹಾಕಬೇಡಿ.

ರೈತ, ಲಿಂಗಸುಗೂರು: ಹತ್ತಿಗೆ ಔಷಧ ಹೊಡೆಯುವ ಬೆನ್ನಿನ ಸ್ಪ್ರೇಯರ್‌ಗೆ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಇದೆ, ಅದಕ್ಕೆ ಲಿಥಿಯಂ ಹಾಕಬಹುದೇ?

ಬಾಗಿಲು-ಕಿಟಕಿ ಕೆಲಸ, ರಾಯಚೂರು: ನಾನು ಅಂಗಡಿಯಲ್ಲಿ ‘88 ವೋಲ್ಟ್’ ಎಂದು ಬರೆದ ಪ್ಯಾಕ್ ಇರುವ ಗ್ರೈಂಡರ್ ಕೊಂಡೆ. ಗೆಳೆಯನ 18 ವೋಲ್ಟ್ ಗ್ರೈಂಡರ್‌ಗಿಂತ ಇದು ನಿಧಾನ. ಇದು ಮೋಸವಲ್ಲವೇ?

ಹಾರ್ಡ್‌ವೇರ್ ಅಂಗಡಿ, ಸಿರುಗುಪ್ಪ: ಮೋಸ ಎನ್ನುವ ಮೊದಲು ಯೋಚಿಸಿ. ಕಂಪನಿಯವರು ಬರೆದು ಕಳಿಸಿದ್ದನ್ನೇ ನಾವು ಮಾರುತ್ತೇವೆ. ಕಡಿಮೆ ಬೆಲೆಗೆ ಬೇಕು ಎಂದು ಕೇಳುವವರೂ ನೀವೇ.

ಬಾಗಿಲು-ಕಿಟಕಿ ಕೆಲಸ, ರಾಯಚೂರು: ಕಡಿಮೆ ಬೆಲೆ ಕೇಳಿದ್ದೇನೆ, ಸುಳ್ಳು ಅಂಕಿ ಕೇಳಿಲ್ಲ. ಹತ್ತು ಸೆಲ್ ಇರುವ ಡಬ್ಬಕ್ಕೆ 88 ಎಂದು ಬರೆದು ಮಾರುವಾಗ ಅಂಗಡಿಯವರಿಗೆ ಗೊತ್ತಿರುವುದಿಲ್ಲವೇ?

ಹಾರ್ಡ್‌ವೇರ್ ಅಂಗಡಿ, ಸಿರುಗುಪ್ಪ: ನಾನು ಮಾರಿದ್ದೇನೆ ಎಂದು ನೀವು ಹೇಗೆ ಹೇಳುತ್ತೀರಿ? ನನ್ನ ಅಂಗಡಿಗೆ ನೀವು ಬಂದೇ ಇಲ್ಲ.

ಬಾಗಿಲು-ಕಿಟಕಿ ಕೆಲಸ, ರಾಯಚೂರು: ನಿಮ್ಮ ಹೆಸರನ್ನು ನಾನು ಎತ್ತಿಲ್ಲ. ನೀವಾಗಿಯೇ ಮೈಮೇಲೆ ಹಾಕಿಕೊಂಡಿರಿ.

ತಂತ್ರಜ್ಞ, ಬಳ್ಳಾರಿ: ಇಬ್ಬರೂ ನಿಲ್ಲಿಸಿ, ಮಲ್ಟಿಮೀಟರ್ ಹಿಡಿಯಿರಿ. ಒಂದು ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್. ಸರಣಿಯಲ್ಲಿ ಐದು ಇದ್ದರೆ 21, ಅದಕ್ಕಿಂತ ಮೇಲೆ ಹೋಗಲಾರದು. ಲೇಬಲ್‌ನ ಮೇಲೆ 48, 88, 128 ಏನೇ ಇರಲಿ, ಮೀಟರ್‌ನಲ್ಲಿ 21 ಬಂದರೆ ಅದು 18 ವೋಲ್ಟ್ ವರ್ಗದ ಪ್ಯಾಕ್. ಬಿಡಿ ಸೆಲ್ ಕೊಳ್ಳುವವರೂ ಇದನ್ನೇ ನೋಡಿ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ಸೆಲ್‌ನಲ್ಲಿ ಸುಮಾರು 3500 ಮಿಲಿಆಂಪಿಯರ್-ಅವರ್‌ಗಿಂತ ಹೆಚ್ಚು ಹಿಡಿಸುವುದು ಕಷ್ಟ. 9900 ಎಂದು ಬರೆದಿದ್ದರೆ ಅದು ನಕಲಿ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿ.

ಹಾರ್ಡ್‌ವೇರ್ ಅಂಗಡಿ, ಸಿರುಗುಪ್ಪ: ನೀವು ಅಂಗಡಿಯವರನ್ನು ಕಳ್ಳರೆನ್ನುತ್ತೀರಿ, ಫಾರ್ವರ್ಡ್‌ಗಳನ್ನು ಸುಳ್ಳೆನ್ನುತ್ತೀರಿ. ಕೊನೆಗೆ ಎಲ್ಲರೂ ನಿಮ್ಮ ಹತ್ತಿರವೇ ರಿಪೇರಿಗೆ ಬರಬೇಕು, ಅಷ್ಟೇ ತಾನೇ?

ತಂತ್ರಜ್ಞ, ಬಳ್ಳಾರಿ: ನಾನು ಯಾರನ್ನೂ ಕಳ್ಳರೆಂದಿಲ್ಲ. ಈ ಸಂಜೆ ಒಬ್ಬರಿಗೆ ಪ್ಯಾಕನ್ನು ರಿಪೇರಿ ಮಾಡಿಸಲೇಬೇಡಿ ಎಂದು ಹೇಳಲು ಕುಳಿತಿದ್ದೇನೆ. ನಿಮ್ಮ ಮಾತಿಗೆ ಇನ್ನು ಉತ್ತರಿಸುವುದಿಲ್ಲ.

ಗೊಂಬೆ ಕೆಲಸ, ಕಿನ್ನಾಳ: ಸರ್, ನಮ್ಮಲ್ಲಿ 14.4 ವೋಲ್ಟ್‌ನ ಹಳೆಯ ನಿಕಲ್ ಕ್ಯಾಡ್ಮಿಯಂ ಡ್ರಿಲ್ ಇದೆ. ಗೊಂಬೆಗಳ ಕೈಕಾಲು ಕೂಡಿಸುವ ತೂತುಗಳಿಗೆ ಅದರ ವೇಗ ಕೈಗೆ ಹೊಂದಿಕೊಂಡಿದೆ, ಹೊಸ ಯಂತ್ರಕ್ಕೆ ಮನಸ್ಸಿಲ್ಲ. ಅದರ ಬ್ಯಾಟರಿ ಈಗ ಎಲ್ಲಿಯೂ ಸಿಗುತ್ತಿಲ್ಲ. ಲಿಥಿಯಂಗೆ ಬದಲಿಸಿಕೊಳ್ಳಬಹುದೇ?

ತಂತ್ರಜ್ಞ, ಬಳ್ಳಾರಿ: ಬದಲಿಸಬಹುದು, ಲೆಕ್ಕವೂ ಚೆನ್ನಾಗಿ ಕೂಡುತ್ತದೆ. ನಿಮ್ಮ ಪ್ಯಾಕ್‌ನಲ್ಲಿ 1.2 ವೋಲ್ಟ್‌ನ ಹನ್ನೆರಡು ಸೆಲ್‌ಗಳಿವೆ. ಲಿಥಿಯಂನಲ್ಲಿ ನಾಲ್ಕೇ ಸಾಕು. ನಾಲ್ಕು ತುಂಬಿದಾಗ 16.8 ವೋಲ್ಟ್ ಆಗುತ್ತದೆ, ನಿಮ್ಮ ಹಳೆಯ ಹನ್ನೆರಡೂ ಹೊಸದಾಗಿ ತುಂಬಿದಾಗ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತಿದ್ದವು, ಹಾಗಾಗಿ ಮೋಟಾರಿಗೆ ತೊಂದರೆಯಿಲ್ಲ. ಆದರೆ ಹಳೆಯ ಚಾರ್ಜರನ್ನು ಅದಕ್ಕೆ ಎಂದೂ ಹಾಕಬಾರದು. ನಿಕಲ್ ಚಾರ್ಜರ್‌ಗೆ 4.2 ವೋಲ್ಟ್‌ನ ಮಿತಿ ತಿಳಿಯದು, ಅದು ತುಂಬುತ್ತಲೇ ಹೋಗುತ್ತದೆ. ನಾಲ್ಕು ಸೆಲ್‌ಗಳ ರಕ್ಷಣಾ ಬೋರ್ಡ್ ಮತ್ತು 16.8 ವೋಲ್ಟ್‌ನ ಲಿಥಿಯಂ ಚಾರ್ಜರ್ ಎರಡೂ ಬೇಕು, ಮತ್ತು ಹಳೆಯ ಚಾರ್ಜರನ್ನು ಮನೆಯಿಂದಲೇ ತೆಗೆದುಬಿಡಬೇಕು.

ನಿಮ್ಮ ಕೆಲಸ ಹಗುರವಾದದ್ದರಿಂದ ನಾನು ಇನ್ನೊಂದು ದಾರಿಯನ್ನೇ ಮೆಚ್ಚುತ್ತೇನೆ. ಅದೇ ಸಬ್-ಸಿ ಅಳತೆಯ ಹೊಸ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳನ್ನು, ತುದಿಯಲ್ಲಿ ಪಟ್ಟಿ ಬೆಸೆದಿರುವಂಥವನ್ನು ತರಿಸಿಕೊಳ್ಳಿ. ಪಟ್ಟಿಗೆ ಬೆಸುಗೆ ಹಾಕಬಹುದು. ಸೆಲ್‌ನ ಮೈಗೆ ನೇರವಾಗಿ ಬೆಸುಗೆ ಕಡ್ಡಿ ಹಿಡಿದರೆ ಒಳಗಿನ ಪದರ ಸುಡುತ್ತದೆ, ಅದಕ್ಕೇ ನಾವು ಸ್ಪಾಟ್ ವೆಲ್ಡಿಂಗ್ ಮಾಡುತ್ತೇವೆ. ಹೀಗೆ ನಿಕಲ್ ಸೆಲ್‌ಗಳನ್ನೇ ಹಾಕಿದರೆ ಹಳೆಯ ಚಾರ್ಜರೇ ನಡೆಯುತ್ತದೆ. ತೆಗೆದ ಸೆಲ್‌ಗಳನ್ನು ಮಾತ್ರ ಕಾಲುವೆಗೋ ತಿಪ್ಪೆಗೋ ಎಸೆಯಬೇಡಿ. ಕ್ಯಾಡ್ಮಿಯಂ ವಿಷ, ಅದು ಮಣ್ಣಿನಿಂದ ಬೆಳೆಗೆ ಏರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಕೊಡಬೇಕು.

ಪ್ಲಂಬರ್, ಕುಷ್ಟಗಿ: 20 ವೋಲ್ಟ್ ಕೊಳ್ಳಲೋ 18 ಕೊಳ್ಳಲೋ?

ತಂತ್ರಜ್ಞ, ಬಳ್ಳಾರಿ: ಮೇಲೆ ಓದಿ.

ಎಲೆಕ್ಟ್ರಿಷಿಯನ್, ಕಂಪ್ಲಿ: ಬೇಸಿಗೆಯಲ್ಲಿ ನನ್ನ ಪ್ಯಾಕ್‌ಗಳು ಬೇಗ ಸಾಯುತ್ತಿವೆ. ಬೈಕಿನ ಡಬ್ಬದಲ್ಲಿ ಇಡುತ್ತೇನೆ.

ತಂತ್ರಜ್ಞ, ಬಳ್ಳಾರಿ: ಡಬ್ಬವೇ ಕಾರಣ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಹೆಚ್ಚಿನ ಸೆಲ್‌ಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಕೆಲಸ ಮುಗಿಸಿದ ಪ್ಯಾಕ್ ಆರಿದ ಮೇಲೆ ಚಾರ್ಜ್‌ಗೆ ಹಾಕಿ. ಬಳಸದೆ ಇಡುವಾಗ ಅರ್ಧ ತುಂಬಿಸಿ ತಂಪಾದ ಕೋಣೆಯಲ್ಲಿ ಇಡಿ.

ಸದಸ್ಯ, ಮಾನ್ವಿ: ಹಳೆಯ ಬ್ಯಾಟರಿಯನ್ನು ಉಪ್ಪುನೀರಿನ ಬಕೆಟ್‌ನಲ್ಲಿ ಮುಳುಗಿಸಿದರೆ ಅಪಾಯ ಪೂರ್ತಿ ಹೋಗುತ್ತದೆ ಎಂದು ಇನ್ನೊಂದು ಸಂದೇಶ ಬಂದಿದೆ. ಗಂಗಾವತಿಯವರು ಅದನ್ನು ಮಾಡಬಹುದಲ್ಲ?

ತಂತ್ರಜ್ಞ, ಬಳ್ಳಾರಿ: ದಯವಿಟ್ಟು ಸುಮ್ಮನಿರಿ. ಉಪ್ಪುನೀರಿನಲ್ಲಿ ತುದಿಗಳು ತುಕ್ಕು ಹಿಡಿದು, ಸೆಲ್ ಖಾಲಿಯಾಗುವುದು ಅರ್ಧಕ್ಕೇ ನಿಲ್ಲಬಹುದು, ಜೊತೆಗೆ ಹೊತ್ತಿಕೊಳ್ಳುವ ಅನಿಲ ಏಳುತ್ತದೆ. ಒಬ್ಬರ ಮನೆ ಅಪಾಯದಲ್ಲಿ ಇರುವಾಗ, ಪರೀಕ್ಷಿಸದ ಸಲಹೆಯನ್ನು ಮುಂದೆ ಕಳಿಸುವುದು ಸಹಾಯವಲ್ಲ.

ಸದಸ್ಯ, ಮಾನ್ವಿ: ಕೇಳಿದ್ದೇ ತಪ್ಪಾಯಿತೇ? ಇಷ್ಟು ಸಿಟ್ಟಿದ್ದರೆ ಉತ್ತರಿಸಲು ಏಕೆ ಬಂದಿರಿ?

ಫಿಟ್ಟರ್, ತೋರಣಗಲ್ಲು: ನೀವು ಕೇಳುತ್ತಿಲ್ಲ, ಮೊದಲಿನಿಂದಲೂ ವಾದಿಸುತ್ತಿದ್ದೀರಿ. ಅವರಿಗೆ ಬರೆಯಲು ಬಿಡಿ.

ರೈತ, ಲಿಂಗಸುಗೂರು: ಸ್ಪ್ರೇಯರ್ ಬಗ್ಗೆ ಕೇಳಿದ್ದೆ.

ಪೀಠೋಪಕರಣ ಕೆಲಸ, ಗಂಗಾವತಿ: ಸರ್, ಪ್ಯಾಕ್ ಈಗ ಹಿತ್ತಲಿನ ಆಚೆ, ಬೇವಿನ ಮರದಿಂದಲೂ ದೂರದಲ್ಲಿ ನೆಲದ ಮೇಲಿದೆ. ಹೊಸದನ್ನು ಕೊಳ್ಳಲು ಸದ್ಯ ಹಣವಿಲ್ಲ, ಒಪ್ಪಿಕೊಂಡ ಕೆಲಸವೂ ಇದೆ. ನಾಳೆ ಬಸ್ಸಿನಲ್ಲಿ ಬಳ್ಳಾರಿಗೆ ತಂದರೆ ಮೂರನೆಯ ಜೋಡಿಯನ್ನು ಮಾತ್ರ ತೆಗೆದು ಉಳಿದ ಎಂಟು ಸೆಲ್‌ಗಳನ್ನು ಉಳಿಸಿಕೊಡಬಹುದೇ?

ತಂತ್ರಜ್ಞ, ಬಳ್ಳಾರಿ: ಬಸ್ಸಿಗೆ ತರಬೇಡಿ. ಜನ ತುಂಬಿದ ಬಸ್ಸಿನಲ್ಲಿ ಅದು ಹೊತ್ತಿಕೊಂಡರೆ ಇಳಿಯಲು ದಾರಿಯಿರುವುದಿಲ್ಲ. ಆ ಎಂಟನ್ನೂ ನಾನು ಉಳಿಸುವುದಿಲ್ಲ. ಅವೂ ತಿಂಗಳುಗಟ್ಟಲೆ ಬಿದ್ದಿದ್ದವು, ಎಷ್ಟು ಕೆಳಗಿಳಿದಿದ್ದವು ಎಂಬುದನ್ನು ನೀವು ಬರೆದಿಟ್ಟಿಲ್ಲ. ಒಪ್ಪಿಕೊಂಡ ಕೆಲಸಕ್ಕೆ ಸದ್ಯ ವೈರ್ ಇರುವ ಡ್ರಿಲ್ ಬಾಡಿಗೆಗೆ ತನ್ನಿ ಅಥವಾ ಕೊಳ್ಳಿ, ಹೊಸ ಪ್ಯಾಕ್‌ಗಿಂತ ಅದು ಅಗ್ಗ. ಭಾನುವಾರ ನನಗೆ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸವಿದೆ, ನಿಮ್ಮಲ್ಲಿಗೂ ಬರುತ್ತೇನೆ. ಪ್ಯಾಕ್ ಅಷ್ಟರೊಳಗೆ ಪೂರ್ತಿ ತಣ್ಣಗಾಗಿದ್ದರೆ ನಾನೇ ಹೊರಗೆ ಬಯಲಿನಲ್ಲೇ ಬಲ್ಬು ಹಚ್ಚಿ ಅದನ್ನು ಖಾಲಿ ಮಾಡಿಕೊಂಡು, ಮರಳು ತುಂಬಿದ ತಗಡಿನ ಪೆಟ್ಟಿಗೆಯಲ್ಲಿ ಒಯ್ಯುತ್ತೇನೆ. ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಮಳೆ ಬಂದರೂ ಅದನ್ನು ಒಳಗೆ ತರಬೇಡಿ.